ಎಸ್ಪ್ರೆಸೊ ಯಂತ್ರ ಕೊಳ್ಳುವ ಮುನ್ನ ಗ್ರೈಂಡರ್ ಕೊಳ್ಳಿ

ಮನೆಬಳಕೆಯ ಎಸ್ಪ್ರೆಸೊ ಯಂತ್ರವನ್ನು ಹುಡುಕಲು ಹೊರಟವರ ಕಣ್ಣಿಗೆ ಮೊದಲು ಬೀಳುವುದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ 15 ಬಾರ್ ಅಥವಾ 20 ಬಾರ್ ಎಂಬ ಒತ್ತಡದ ಅಂಕಿ. ಯಂತ್ರದ ಗುಣವನ್ನು ಅಳೆಯಲು ಇಷ್ಟು ನಿರುಪಯುಕ್ತವಾದ ಅಂಕಿ ಇನ್ನೊಂದಿಲ್ಲ. ಎಸ್ಪ್ರೆಸೊ ಇಳಿಯಲು ಪುಡಿಯ ಮೇಲೆ ಬೇಕಾಗುವುದು ಸುಮಾರು 9 ಬಾರ್ ಒತ್ತಡ ಮಾತ್ರ. ಪೆಟ್ಟಿಗೆಯ ಮೇಲಿನ 15 ಎಂಬುದು ಒಳಗಿರುವ ಚಿಕ್ಕ ಪಂಪು, ನೀರು ಮುಂದೆ ಹರಿಯದೆ ತಡೆದು ನಿಂತಾಗ, ತಲುಪಬಲ್ಲ ಗರಿಷ್ಠ ಮಿತಿ. ಒಳ್ಳೆಯ ಯಂತ್ರಗಳಲ್ಲಿ ಆ ಹೆಚ್ಚುವರಿ ಒತ್ತಡವನ್ನು ಹೊರಬಿಡುವುದಕ್ಕೆಂದೇ ಒಂದು ವಾಲ್ವ್ ಇರುತ್ತದೆ.

ಒತ್ತಡದ ಬಗ್ಗೆ ಇಷ್ಟೊಂದು ಗೌರವ ಬೆಳೆದುಬಂದದ್ದಕ್ಕೆ ಚರಿತ್ರೆಯಲ್ಲಿ ಕಾರಣವಿದೆ. ಮಿಲಾನಿನ ಲುಯಿಜಿ ಬೆಜ್ಜೆರಾ 1901ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಯಂತ್ರ ಹಬೆಯ ಬಲದಿಂದ ನಡೆಯುತ್ತಿದ್ದುದರಿಂದ ಅದರಲ್ಲಿ ಒಂದೆರಡು ಬಾರ್‌ಗಿಂತ ಹೆಚ್ಚು ಒತ್ತಡ ಹುಟ್ಟುತ್ತಿರಲಿಲ್ಲ, ಕಾಫಿಯ ಮೇಲೆ ಇಂದು ನಾವು ನಿರೀಕ್ಷಿಸುವ ಹೊಂಬಣ್ಣದ ನೊರೆಯೂ ಬರುತ್ತಿರಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಅಕಿಲ್ಲೆ ಗಾಜಿಯಾ ಸ್ಪ್ರಿಂಗು ಮತ್ತು ಹಿಡಿಕೆಯ ಬಲದಿಂದ ನೀರನ್ನು ಒತ್ತುವ ಯಂತ್ರವನ್ನು ಮಾರುಕಟ್ಟೆಗೆ ತಂದಾಗ ಆ ನೊರೆ, ಅಂದರೆ ಕ್ರೆಮಾ, ಕಾಣಿಸಿಕೊಂಡಿತು. 1961ರಲ್ಲಿ ಫಾಯೆಮಾ ಕಂಪನಿಯ ಇ61 ವಿದ್ಯುತ್ ಪಂಪಿನ ಮೂಲಕ ಒತ್ತಡವನ್ನು ಒಂದೇ ಮಟ್ಟದಲ್ಲಿ ನಿಲ್ಲಿಸಿತು. ಅಲ್ಲಿಗೆ ಒತ್ತಡದ ಸಮಸ್ಯೆ ಬಗೆಹರಿಯಿತು. ಇಂದು ಅಗ್ಗದ ಯಂತ್ರದ ಪಂಪಿಗೂ 9 ಬಾರ್ ಎಬ್ಬಿಸುವ ಶಕ್ತಿ ಇರುತ್ತದೆ. ಆ ಒತ್ತಡವನ್ನು ಪುಡಿ ಎಷ್ಟು ಸಮನಾಗಿ ತಡೆದು ನಿಲ್ಲಿಸುತ್ತದೆ ಎಂಬುದರಲ್ಲಿ ರುಚಿಯ ವ್ಯತ್ಯಾಸ ಅಡಗಿದೆ. ಆದ್ದರಿಂದಲೇ ಸಲಹೆ ಕೇಳಿದ ಸ್ನೇಹಿತರಿಗೆಲ್ಲ ನಾನು ಮೊದಲು ಗ್ರೈಂಡರ್‌ನ ವಿಷಯ ಎತ್ತುತ್ತೇನೆ, ಅವರು ಬೇಸರಪಟ್ಟುಕೊಂಡರೂ.

ಸಾಮಾನ್ಯವಾಗಿ ಬಳಸುವ ಲೆಕ್ಕ ಹೀಗಿದೆ: 18 ಗ್ರಾಂ ಪುಡಿ, ಲೋಟಕ್ಕೆ ಇಳಿದ 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡು. ಹೊಸ ಬೀಜದ ಪೊಟ್ಟಣ ಒಡೆದ ದಿನ ಇದನ್ನು ಹೊಂದಿಸುವ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಿದರೆ ಗ್ರೈಂಡರ್‌ನ ಮಹತ್ವ ತಾನಾಗಿ ತಿಳಿಯುತ್ತದೆ. ಮೊದಲ ಸಲ ಕಾಫಿ ಹನ್ನೆರಡು ಸೆಕೆಂಡಿನಲ್ಲೇ ತೆಳ್ಳಗೆ, ಒಣಹುಲ್ಲಿನ ಬಣ್ಣದಲ್ಲಿ ಧೋ ಎಂದು ಸುರಿದುಬಿಡುತ್ತದೆ, ಬಾಯಿಗಿಟ್ಟರೆ ಹುಳಿ ನಾಲಿಗೆಯ ಅಂಚನ್ನು ಚುಚ್ಚುತ್ತದೆ. ಗ್ರೈಂಡರ್‌ನ ತಿರುಗಣೆಯನ್ನು ಎರಡು ಕ್ಲಿಕ್ ಬಿಗಿ ಮಾಡಿ, ಅಷ್ಟೇ ತೂಕದ ಪುಡಿಯನ್ನು ಅಷ್ಟೇ ಒತ್ತಿ ಕೂರಿಸಿದರೆ, ಈ ಸಲ ಆರೇಳು ಸೆಕೆಂಡು ಏನೂ ಬರುವುದಿಲ್ಲ, ಆಮೇಲೆ ಕಡುಕಂದು ಹನಿಗಳು, ಅವು ಸೇರಿ ಇಲಿಯ ಬಾಲದಷ್ಟು ಸಣ್ಣನೆಯ ಧಾರೆ, ಕೊನೆಯಲ್ಲಿ ನಿಧಾನವಾಗಿ ತಿಳಿಯಾಗುವ ಬಣ್ಣ. ಬದಲಾದದ್ದು ಕಣದ ಗಾತ್ರ ಒಂದೇ, ಅದೂ ಕೂದಲೆಳೆಯಷ್ಟು. ಇಷ್ಟು ಸೂಕ್ಷ್ಮವಾಗಿ ಹೊಂದಿಸಲು ಬರದ ಗ್ರೈಂಡರ್ ಇದ್ದರೆ ಲಕ್ಷ ರೂಪಾಯಿಯ ಯಂತ್ರವೂ ಅಸಹಾಯಕ. ಅಡುಗೆಮನೆಯ ಮಿಕ್ಸಿಯಂತೂ ಈ ಕೆಲಸಕ್ಕೆ ಆಗುವುದಿಲ್ಲ, ಏಕೆಂದರೆ ಅದರ ಬ್ಲೇಡು ಬೀಜವನ್ನು ಚಚ್ಚಿ ಹಾಕುತ್ತದೆಯೇ ಹೊರತು ಒಂದೇ ಗಾತ್ರಕ್ಕೆ ಅರೆಯುವುದಿಲ್ಲ. ನುಣ್ಣನೆಯ ಹಿಟ್ಟೂ ದಪ್ಪ ನುಚ್ಚೂ ಬೆರೆತ ಪುಡಿಯಲ್ಲಿ ನೀರು ಸಡಿಲವಾದ ಜಾಗವನ್ನು ಹುಡುಕಿಕೊಂಡು ಅಲ್ಲಿಂದಲೇ ನುಗ್ಗಿ ಹೋಗುತ್ತದೆ, ಗದ್ದೆಯ ಬದುವಿನಲ್ಲಿ ಏಡಿ ಕೊರೆದ ತೂತಿನಿಂದ ನೀರು ನುಗ್ಗುವ ಹಾಗೆ.

ಹಲ್ಲುಚಕ್ರಗಳ ನಡುವೆ ಅರೆಯುವ ಬರ್ ಗ್ರೈಂಡರ್ ಬೇಕು. ಕೈಯಿಂದ ತಿರುಗಿಸುವ ಒಳ್ಳೆಯ ಗ್ರೈಂಡರ್‌ಗಳು ಅದೇ ಬೆಲೆಯ ವಿದ್ಯುತ್ ಗ್ರೈಂಡರ್‌ಗಳಿಗಿಂತ ಸಮನಾಗಿ ಅರೆಯುತ್ತವೆ ಎಂಬುದು ನನ್ನ ಅನುಭವ. ಒಬ್ಬರೋ ಇಬ್ಬರೋ ಕುಡಿಯುವ ಮನೆಗೆ ಅದೇ ಸಾಕು. ಹದಿನೆಂಟು ಗ್ರಾಂ ಬೀಜವನ್ನು ಎಸ್ಪ್ರೆಸೊ ನುಣುಪಿಗೆ ಅರೆಯಲು ತೋಳಿಗೆ ಒಂದು ನಿಮಿಷದ ದುಡಿಮೆ, ಬೀಜವನ್ನು ತೆಳುವಾಗಿ ಹುರಿದಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ಕೈಯಲ್ಲಿ ನಲವತ್ತು ಸಾವಿರ ರೂಪಾಯಿ ಇದ್ದರೆ ಅದರಲ್ಲಿ ಹದಿನೈದು ಸಾವಿರವನ್ನಾದರೂ ಗ್ರೈಂಡರ್‌ಗೆ ಎತ್ತಿಟ್ಟು, ಉಳಿದುದರಲ್ಲಿ ಯಂತ್ರ ನೋಡಿ ಎನ್ನುವುದು ನನ್ನ ಖಚಿತವಾದ ಅಭಿಪ್ರಾಯ.

ಗ್ರೈಂಡರ್ ಇಲ್ಲದೆಯೂ ದಪ್ಪ ನೊರೆ ಬರಿಸುವ ಯಂತ್ರಗಳಿವೆಯಲ್ಲ ಎಂದು ಕೇಳುವವರಿದ್ದಾರೆ. ಇವೆ. ಅವುಗಳಲ್ಲಿ ಪುಡಿ ತುಂಬುವ ಬುಟ್ಟಿಯ ತಳದಲ್ಲಿ ಹೊರಗಡೆ ಒಂದೇ ಒಂದು ಸೂಜಿಮೊನೆಯ ತೂತು ಇರುತ್ತದೆ; ಒತ್ತಡವನ್ನು ಪುಡಿಯ ಬದಲು ಆ ತೂತೇ ತಡೆಯುತ್ತದೆ, ನೊರೆಯನ್ನೂ ಅದೇ ಎಬ್ಬಿಸುತ್ತದೆ. ಅಂಗಡಿಯಲ್ಲಿ ಬೀಸಿಸಿ ತಂದ ಪುಡಿಯನ್ನೇ ಬಳಸುವವರಿಗೆ ಈ ಏರ್ಪಾಡು ಅನುಕೂಲವೇ. ಡೆಲಾಂಗಿ ಡೆಡಿಕಾದಂಥ ಕಿರಿದಾದ ಯಂತ್ರಗಳು 51 ಮಿಲಿಮೀಟರ್‌ನ ಇಂಥ ಬುಟ್ಟಿಯೊಂದಿಗೇ ಬರುತ್ತವೆ. ಸಾಮಾನ್ಯ ಬುಟ್ಟಿಯನ್ನು ಆಮೇಲೆ ಬೇರೆಯಾಗಿ ಕೊಂಡು ಹಾಕಿಕೊಳ್ಳಬಹುದು. ಗಾಜಿಯಾ ಕ್ಲಾಸಿಕ್‌ನಂಥವು ಕಾಫಿ ಅಂಗಡಿಗಳಲ್ಲಿ ಬಳಕೆಯಲ್ಲಿರುವ 58 ಮಿಲಿಮೀಟರ್ ಅಳತೆಯವು, ಹಾಗಾಗಿ ಬುಟ್ಟಿ, ಪುಡಿಯನ್ನು ಒತ್ತಿ ಕೂರಿಸುವ ಟ್ಯಾಂಪರ್ ಮೊದಲಾದವು ಯಾವ ಕಂಪನಿಯವಾದರೂ ಹೊಂದುತ್ತವೆ.

ನಮ್ಮ ಮನೆಗಳ ಮಟ್ಟಿಗೆ ಇಲ್ಲಿ ಚಿಕೋರಿಯ ಪ್ರಶ್ನೆ ಎದುರಾಗುತ್ತದೆ. ಫಿಲ್ಟರಿಗೆಂದು ಮಾಡಿಸಿದ ಚಿಕೋರಿ ಬೆರೆತ ಪುಡಿಯನ್ನು ಎಸ್ಪ್ರೆಸೊ ಬುಟ್ಟಿಗೆ ತುಂಬಬೇಡಿ. ಚಿಕೋರಿ ನೀರಿನಲ್ಲಿ ಬಹುಬೇಗ ಕರಗಿ ಅಂಟಂಟಾಗುತ್ತದೆ. ಹಿತ್ತಾಳೆ ಫಿಲ್ಟರಿನಲ್ಲಿ ಡಿಕಾಕ್ಷನ್ನಿಗೆ ಮಂದವನ್ನು ಕೊಡುವ ಈ ಗುಣವೇ ಇಲ್ಲಿ ಸಣ್ಣ ರಂಧ್ರಗಳನ್ನು ಕಟ್ಟಿಸುತ್ತದೆ. ಶುದ್ಧ ಕಾಫಿಬೀಜವೇ ಬೇಕು, ಹುರಿದ ದಿನಾಂಕ ಪೊಟ್ಟಣದ ಮೇಲೆ ಇರಬೇಕು, ಹುರಿದು ಒಂದು ವಾರ ಕಳೆದ ಮೇಲೆ ಮೂರು ನಾಲ್ಕು ವಾರದೊಳಗೆ ಮುಗಿಸಬೇಕು. ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟು ಬೆಳೆಯುವ ರಾಜ್ಯದಲ್ಲಿ ಇದು ಕಷ್ಟವಲ್ಲ. ರೊಬಸ್ಟಾವನ್ನು ಕೀಳಾಗಿ ನೋಡುವ ಹೊಸ ಫ್ಯಾಷನ್ನಿಗೂ ಮರುಳಾಗಬೇಕಿಲ್ಲ: ನಮ್ಮ ಕಾಫಿಯ ದೊಡ್ಡ ಗಿರಾಕಿ ಇಟಲಿ, ಅಲ್ಲಿನ ಎಸ್ಪ್ರೆಸೊ ಮಿಶ್ರಣಗಳಲ್ಲಿ ದಟ್ಟ ಕ್ರೆಮಾಕ್ಕಾಗಿ ರೊಬಸ್ಟಾವನ್ನು ಬೆರೆಸುವುದು ಹಳೆಯ ರೂಢಿ. ಹಾಲಿನ ಜೊತೆ ಕುಡಿಯುವವರಿಗೆ ಚಿಕ್ಕಮಗಳೂರಿನ ಅರೇಬಿಕಾಕ್ಕೆ ಕಾಲು ಭಾಗ ಕೊಡಗಿನ ತೊಳೆದ ರೊಬಸ್ಟಾ ಬೆರೆಸಿದ್ದು ಬರಿಯ ಅರೇಬಿಕಾಕ್ಕಿಂತ ಹೆಚ್ಚು ಹಿಡಿಸುತ್ತದೆ. ಕನಿಷ್ಠ ನನಗೆ ಹಾಗೆ.

ಇನ್ನು ಯಂತ್ರ. ಮನೆಯಲ್ಲಿ ಬೆಳಿಗ್ಗೆ ಒಟ್ಟಿಗೆ ಎಷ್ಟು ಲೋಟ ಬೇಕು, ಅವುಗಳಲ್ಲಿ ಹಾಲು ಹಾಕಿದವು ಎಷ್ಟು ಎಂಬುದನ್ನು ನೋಡಿಕೊಂಡರೆ ಆಯ್ಕೆಯ ಅರ್ಧ ಮುಗಿದಂತೆ. ಒಂದೇ ಬಾಯ್ಲರಿನ ಯಂತ್ರಗಳಲ್ಲಿ ಕಾಫಿ ಇಳಿಸಲು ಸುಮಾರು 93 ಡಿಗ್ರಿಯ ನೀರು ಬೇಕಾದರೆ ಹಾಲು ಉಬ್ಬಿಸುವ ಹಬೆಗೆ ಅದೇ ಬಾಯ್ಲರು 120 ಡಿಗ್ರಿಯ ಮೇಲೆ ಏರಬೇಕು, ಮುಂದಿನ ಕಾಫಿಗೆ ಮತ್ತೆ ತಣಿಯಬೇಕು. ಆರು ಜನರಿಗೆ ಈ ಏರಿಳಿತವನ್ನು ಆರು ಸಲ ಮಾಡುತ್ತ ನಿಂತರೆ ಕೊನೆಯವರ ಲೋಟ ಬರುವ ಹೊತ್ತಿಗೆ ಮೊದಲನೆಯವರು ಆಫೀಸಿಗೆ ಹೊರಟಿರುತ್ತಾರೆ. ಎರಡು ಬಾಯ್ಲರಿನವೂ, ಒಂದೇ ಬಾಯ್ಲರಿನಿಂದ ಕಾಫಿಯ ನೀರನ್ನೂ ಹಬೆಯನ್ನೂ ಒಟ್ಟಿಗೆ ಕೊಡುವ ಹೀಟ್ ಎಕ್ಸ್‌ಚೇಂಜರ್ ಇರುವವೂ ಈ ತೊಂದರೆ ಕೊಡುವುದಿಲ್ಲ, ಆದರೆ ಬೆಲೆ ಎಲ್ಲಿಗೋ ಹೋಗುತ್ತದೆ. ಹಿಂದಿನ ರಾತ್ರಿ ಹಾಕಿಟ್ಟ ಹಿತ್ತಾಳೆ ಫಿಲ್ಟರು ಆರು ಜನರಿಗೆ ಬೇಕಾದ ಡಿಕಾಕ್ಷನ್ನನ್ನು ಯಾವ ಸದ್ದೂ ಇಲ್ಲದೆ ಕೊಡುತ್ತದೆ. ತುಂಬಿದ ಮನೆಯ ಬೆಳಗಿನ ಕಾಫಿಗೆ ಅದರ ಬದಲಾಗಿ ಎಸ್ಪ್ರೆಸೊ ಯಂತ್ರ ತರುವುದು ದುಡ್ಡು ಕೊಟ್ಟು ಕೊಂಡ ತಾಪತ್ರಯ. ನಮ್ಮಲ್ಲಿ ಬೆಳಿಗ್ಗೆ ಫಿಲ್ಟರು, ಯಂತ್ರದ ಸರದಿ ಮಧ್ಯಾಹ್ನದ ಮೇಲೆ.

ಹಾಲಿನ ವಿಷಯದಲ್ಲಿ ಇನ್ನೊಂದು ಮಾತಿದೆ. ಉಬ್ಬಿಸಿದ ಹಾಲು ನುಣುಪಾಗಿ, ಸಿಹಿಯಾಗಿ ಉಳಿಯಬೇಕಾದರೆ 60ರಿಂದ 65 ಡಿಗ್ರಿಗೆ ನಿಲ್ಲಿಸಬೇಕು, ಅದಕ್ಕಿಂತ ಕಾಸಿದರೆ ನೊರೆ ಒರಟಾಗುತ್ತದೆ. ಕುದಿಯುವ ಹಾಲು ಹಾಕಿ ಎರಡು ಸಲ ಎತ್ತಿ ಹೊಯ್ದ ಕಾಫಿಗೆ ಒಗ್ಗಿದ ಹಿರಿಯರಿಗೆ ಇದು ಆರಿದ ಕಾಫಿ ಎಂದೇ ಅನ್ನಿಸುತ್ತದೆ, ಯಾವ ವಿವರಣೆಯೂ ಅವರನ್ನು ಒಪ್ಪಿಸುವುದಿಲ್ಲ. ಲೋಟವನ್ನು ಮೊದಲೇ ಬಿಸಿನೀರಿನಲ್ಲಿ ಕಾಯಿಸಿಟ್ಟುಕೊಂಡರೆ ದೂರು ಸ್ವಲ್ಪ ಕಡಿಮೆಯಾಗುತ್ತದೆ. ಕಾಯಿಸಿ ಕೆನೆ ಕಟ್ಟಿದ ಹಾಲು ಚೆನ್ನಾಗಿ ಉಬ್ಬುವುದಿಲ್ಲ. ಪಾಶ್ಚರೀಕರಿಸಿದ ಪ್ಯಾಕೆಟ್ ಹಾಲನ್ನು ಫ್ರಿಜ್ಜಿನಿಂದ ತೆಗೆದು ನೇರವಾಗಿ ಹಬೆಗೆ ಹಿಡಿಯಬೇಕು.

ಬೆಂಗಳೂರಿನಲ್ಲಿ ಯಂತ್ರದ ಆಯುಷ್ಯವನ್ನು ತೀರ್ಮಾನಿಸುವುದು ನೀರು. ಕಾವೇರಿ ನೀರು ಬರುವ ಬಡಾವಣೆಗೂ ಬೋರ್‌ವೆಲ್ಲನ್ನೇ ನಂಬಿದ ಬಡಾವಣೆಗೂ ಅಜಗಜಾಂತರ. ಬಕೆಟ್ಟಿನ ಅಂಚಿನಲ್ಲಿ, ಗೀಸರಿನ ಕಾಯಿಲಿನ ಮೇಲೆ ಬಿಳಿಯ ಸುಣ್ಣದ ಪದರ ಕಟ್ಟುತ್ತಿದ್ದರೆ ಅದೇ ಪದರ ಬಾಯ್ಲರಿನಲ್ಲೂ, ಬಾಯ್ಲರಿನ ಬದಲು ನೀರನ್ನು ಹರಿಯುತ್ತಿದ್ದಂತೆಯೇ ಕಾಯಿಸುವ ಥರ್ಮೋಬ್ಲಾಕಿನ ಕಿರಿದಾದ ಕೊಳವೆಯಲ್ಲೂ ಕಟ್ಟುತ್ತದೆ, ಕೊಳವೆಯಲ್ಲಿ ಇನ್ನೂ ಬೇಗ. ಹಾಗೆಂದು ಖನಿಜಾಂಶವೆಲ್ಲ ಹೋದ ಆರ್‌ಒ ನೀರನ್ನೇ ತುಂಬುವುದೂ ಸರಿಯಲ್ಲ: ಕಾಫಿ ಸಪ್ಪೆಯಾಗುತ್ತದೆ, ಕೆಲವು ಯಂತ್ರಗಳಲ್ಲಿ ನೀರಿನ ಮಟ್ಟವನ್ನು ವಿದ್ಯುತ್ ವಾಹಕತೆಯಿಂದ ಗುರುತಿಸುವ ಸೆನ್ಸರು ನೀರಿಲ್ಲವೆಂದೇ ಭಾವಿಸುತ್ತದೆ. ಆರ್‌ಒ ನೀರಿಗೆ ಒಂದಿಷ್ಟು ಸೋಸಿದ ನಲ್ಲಿನೀರನ್ನು ಬೆರೆಸುವುದು ಸುಲಭದ ಮಧ್ಯಮಾರ್ಗ. ಸುಣ್ಣ ಕರಗಿಸಲು ಸಿಟ್ರಿಕ್ ಆಮ್ಲ ಸಾಕು, ಆದರೆ ಬಾಯ್ಲರ್ ಅಲ್ಯೂಮಿನಿಯಮ್ಮಿನದಾಗಿದ್ದರೆ ಕೈಪಿಡಿ ಹೇಳಿದ ದ್ರಾವಣವನ್ನೇ ಬಳಸಿ, ಹೆಚ್ಚು ಹೊತ್ತು ಬಿಡಬೇಡಿ.

ಕರೆಂಟಿನದೂ ಒಂದು ಲೆಕ್ಕವಿದೆ. ಈ ಯಂತ್ರಗಳಲ್ಲಿ ಹೆಚ್ಚಿನವು 1300ರಿಂದ 1500 ವ್ಯಾಟ್ ಎಳೆಯುತ್ತವೆ. ಮನೆಯ ಸಾಧಾರಣ ಇನ್ವರ್ಟರಿಗೆ ಅದು ಮೀರಿದ ಭಾರ. ಅಮೆರಿಕದಲ್ಲಿರುವ ಮಗಳೋ ಭಾವಮೈದುನನೋ ಸೂಟ್‌ಕೇಸಿನಲ್ಲಿ ಯಂತ್ರ ತಂದುಕೊಡುವುದಾಗಿ ಹೇಳಿದರೆ ಪ್ರೀತಿಯಿಂದಲೇ ಬೇಡವೆನ್ನಿ. ಅದು 120 ವೋಲ್ಟು, 60 ಹರ್ಟ್ಜಿನದು. ಇಲ್ಲಿ ಇಟ್ಟಿಗೆಗಳ ರಾಶಿಯಷ್ಟು ಭಾರದ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತದೆ, ಅದನ್ನು ಇಟ್ಟರೂ 50 ಹರ್ಟ್ಜಿನಲ್ಲಿ ಕಂಪನ ಪಂಪಿನ ವೇಗವೇ ಬದಲಾಗುತ್ತದೆ, ವಾರಂಟಿಯಂತೂ ಸಮುದ್ರ ದಾಟುವುದಿಲ್ಲ.

ಮಲೆನಾಡಿನಲ್ಲಿ, ಮಳೆಗಾಲದ ಮೂರು ತಿಂಗಳು ಕರೆಂಟನ್ನು ನೆಚ್ಚಿಕೊಳ್ಳಲಾಗದ ಊರುಗಳಲ್ಲಿ ಇರುವವರಿಗೆ ಕೈಹಿಡಿಕೆಯ ಯಂತ್ರಗಳೇ ವಾಸಿ. ಫ್ಲೇರ್‌ನಂಥವಕ್ಕೆ ಬೇಕಾದದ್ದು ಗ್ಯಾಸಿನ ಮೇಲೆ ಕಾಯಿಸಿದ ನೀರು ಮತ್ತು ತೋಳಿನ ಬಲ, ಕೆಡುವುದಕ್ಕೆ ಒಳಗೆ ಹೆಚ್ಚೇನೂ ಇಲ್ಲ. ಎತ್ತರದ ಊರುಗಳಲ್ಲಿ ನೀರು ನೂರು ಡಿಗ್ರಿಗೆ ಮುನ್ನವೇ ಕುದಿಯುತ್ತದೆ (ಬೆಂಗಳೂರಿನಲ್ಲೇ ಸುಮಾರು 97) ಎಂಬುದನ್ನು ನೆನಪಿಟ್ಟು, ಲೋಹದ ಭಾಗವನ್ನು ಚೆನ್ನಾಗಿ ಕಾಯಿಸಿಕೊಂಡು, ಕುದಿ ನಿಲ್ಲುವ ಮೊದಲೇ ನೀರು ಹೊಯ್ಯಬೇಕು. ಒಲೆಯ ಮೇಲಿಟ್ಟು ಹಬೆಯ ಬಲದಿಂದ ಕಾಫಿ ಮಾಡುವ ಮೋಕಾ ಪಾತ್ರೆ ಇನ್ನೂ ಅಗ್ಗ. 1933ರಿಂದ ಆಕಾರ ಹೆಚ್ಚು ಬದಲಾಗದ ಆ ಅಷ್ಟಕೋನದ ಅಲ್ಯೂಮಿನಿಯಮ್ ಪಾತ್ರೆ ಇಂಡಕ್ಷನ್ ಒಲೆಯ ಮೇಲೆ ಕಾಯುವುದಿಲ್ಲ, ನಮ್ಮ ಗ್ಯಾಸ್ ಒಲೆಯ ಅಗಲವಾದ ಕಾಲುಗಳ ನಡುವೆ ವಾಲುತ್ತದೆ. ಒಲೆಯ ಕಾಲುಗಳ ಮೇಲೆ ಒಂದು ಚಿಕ್ಕ ಜಾಲರಿ ಇಟ್ಟುಕೊಳ್ಳಿ. ಅದರಲ್ಲಿ ಬರುವುದು ಎಸ್ಪ್ರೆಸೊ ಅಲ್ಲ, ಆದರೆ ಹಾಲಿಗೆ ಬೆರೆಸಿದಾಗ ನಮ್ಮ ಡಿಕಾಕ್ಷನ್ನಿಗೆ ಅತಿ ಹತ್ತಿರದ್ದು ಅದೇ.

ಒಂದು ಲೋಟಕ್ಕಾಗುವಷ್ಟು ಪುಡಿಯನ್ನು ಮೊದಲೇ ತುಂಬಿ ಮುಚ್ಚಿದ ಗುಳಿಗೆಯನ್ನು ಬಳಸುವ ಕ್ಯಾಪ್ಸೂಲ್ ಯಂತ್ರಗಳ ಬಗ್ಗೆ ನನಗೆ ಆಸಕ್ತಿ ಇಲ್ಲ: ಐದಾರು ಗ್ರಾಂ ಪುಡಿಗೆ ಕೊಡುವ ಬೆಲೆಯನ್ನು ಕಿಲೋಗೆ ಗುಣಿಸಿ ನೋಡಿದವರು ಸಾಮಾನ್ಯವಾಗಿ ಅಲ್ಲಿಗೇ ಬಿಡುತ್ತಾರೆ. ಗುಂಡಿ ಒತ್ತಿದರೆ ಬೀಜದಿಂದ ಲೋಟದವರೆಗೆ ಎಲ್ಲವನ್ನೂ ತಾನೇ ಮಾಡುವ ಯಂತ್ರಗಳು ಬೇರೆ ಮಾತು. ಅಳೆಯುವ, ಒತ್ತುವ ಕೆಲಸ ಬೇಡವೆನ್ನುವವರಿಗೆ ಅವು ನ್ಯಾಯವಾದ ಆಯ್ಕೆ, ಒಳಗಿನ ಭಾಗಗಳನ್ನು ವಾರಕ್ಕೊಮ್ಮೆ ತೆಗೆದು ತೊಳೆಯುವ ಶಿಸ್ತು ಇದ್ದರೆ. ನಮ್ಮ ಸೆಕೆಗೆ, ಅದರಲ್ಲೂ ಮಂಗಳೂರು ಉಡುಪಿಯ ಕಡೆ, ಒದ್ದೆ ಪುಡಿ ಎರಡು ದಿನ ಒಳಗೆ ಉಳಿದರೆ ಬೂಷ್ಟು ಹಿಡಿಯುತ್ತದೆ.

ಕೊನೆಗೆ ಯಾವುದನ್ನೇ ಆರಿಸಿಕೊಂಡರೂ ದುಡ್ಡು ಕೊಡುವ ಮೊದಲು ಮಾರುವವರಿಗೆ ಫೋನ್ ಮಾಡಿ, ಯಂತ್ರದ ತಲೆಯಲ್ಲಿರುವ ರಬ್ಬರ್ ಗ್ಯಾಸ್ಕೆಟ್ ಬಿಡಿಯಾಗಿ ಸಿಗುತ್ತದೆಯೇ, ಬೆಲೆ ಎಷ್ಟು, ಬದಲಿಸಲು ಮನೆಗೆ ಬರುತ್ತಾರೆಯೇ ಅಥವಾ ಯಂತ್ರವನ್ನು ಮುಂಬೈಗೋ ದೆಹಲಿಗೋ ಪಾರ್ಸೆಲ್ ಮಾಡಬೇಕೇ ಎಂದು ಕೇಳಿ. ಬಿಸಿಗೆ ಆ ರಬ್ಬರ್ ಗಡುಸಾಗಿ ಸೋರತೊಡಗುವುದು ಒಂದೆರಡು ವರ್ಷದಲ್ಲಿ ಎಲ್ಲ ಯಂತ್ರಗಳಿಗೂ ಆಗುವಂಥದ್ದೇ. ಕೆಲವೇ ನೂರು ರೂಪಾಯಿಯ ಆ ಬಳೆಯ ಬಗ್ಗೆ ಮಾರಾಟಗಾರರು ಗೊಂದಲದ ಉತ್ತರ ಕೊಟ್ಟರೆ, ಎಷ್ಟೇ ರಿಯಾಯಿತಿ ಇದ್ದರೂ, ಬೇರೆ ಯಂತ್ರ ನೋಡಿ.