ಕೀಮೋ ಮನೆಯ ಕ್ಯಾಲೆಂಡರ್: ಇವತ್ತು ಎಷ್ಟನೇ ದಿನ?

ಕ್ಯಾನ್ಸರಿಗೆ ಕೀಮೋ ಶುರುವಾದ ಮನೆಯಲ್ಲಿ ಸೋಮವಾರ, ಮಂಗಳವಾರಕ್ಕೆ ಬೆಲೆ ಇರುವುದಿಲ್ಲ. ಇವತ್ತು ಸೈಕಲ್ಲಿನ ಎಷ್ಟನೇ ದಿನ ಅನ್ನುವುದಷ್ಟೇ ಲೆಕ್ಕ. ಒಂದು ಸಲದ ಕೀಮೋದಿಂದ ಮುಂದಿನ ಸಲದವರೆಗಿನ ಅವಧಿಯೇ ಸೈಕಲ್. ಡ್ರಿಪ್ ಹಾಕಿದ ದಿನ ಒಂದನೇ ದಿನ. ಹಲವು ಚಿಕಿತ್ಸೆಗಳಲ್ಲಿ 21 ದಿನಕ್ಕೊಂದು ಸೈಕಲ್, ಕೆಲವದರಲ್ಲಿ 14 ದಿನಕ್ಕೊಂದು. ಈ ಅವಧಿಯಲ್ಲಿ ಗಂಡ ಹೆಂಡತಿ ನಡುವೆ ಆಗುವ ಜಗಳಗಳನ್ನು ಬಿಡಿಸಿ ನೋಡಿದರೆ, ಔಷಧಿ ಮಾಡಿಸಿದ್ದನ್ನು ಮನುಷ್ಯರ ಸ್ವಭಾವ ಅಂದುಕೊಂಡು ಆಡಿದ ಮಾತುಗಳೇ ಹೆಚ್ಚು. ಹಾಗಾಗಿ ಮೊದಲು ಒಂದು ನೋಟ್‌ಬುಕ್ ಮಾಡಿ. ದಿನಕ್ಕೊಂದು ಪುಟ ಸಾಕು: ಎಷ್ಟನೇ ದಿನ, ಜ್ವರ ಎಷ್ಟು, ಏನು ತಿಂದರು, ಯಾವ ಮಾತ್ರೆ ಎಷ್ಟು ಗಂಟೆಗೆ, ಮೋಷನ್ ಆಯಿತೋ ಇಲ್ಲವೋ. ಎರಡನೇ ಸೈಕಲ್ ಬರುವ ಹೊತ್ತಿಗೆ ಮೊದಲನೆಯದರ ಪುಟಗಳೇ ಮುನ್ಸೂಚನೆ ಕೊಡತೊಡಗುತ್ತವೆ.

ಮೊದಲ ದಿನದ ಕಿರಿಕಿರಿ ಕಾಯುವುದು. ಬೆಳಿಗ್ಗೆ ಬರಹೇಳಿರುತ್ತಾರೆ, ಮಧ್ಯಾಹ್ನವಾದರೂ ಡ್ರಿಪ್ ಶುರುವಾಗಿರುವುದಿಲ್ಲ. ರಕ್ತದ ವರದಿ ಬಂದು, ಡಾಕ್ಟರು ನೋಡಿ ಒಪ್ಪಿದ ಮೇಲೆ, ಆ ದಿನದ ತೂಕ ಎತ್ತರಕ್ಕೆ ತಕ್ಕ ಡೋಸ್ ಅನ್ನು ಫಾರ್ಮಸಿಯಲ್ಲಿ ತಯಾರಿಸುವುದು ವಾಡಿಕೆ. ಕೆಲವು ಔಷಧಿ ಬೆರೆಸಿದ ಮೇಲೆ ಹೆಚ್ಚು ಹೊತ್ತು ಇಡುವಂತಿಲ್ಲ, ಆದ್ದರಿಂದ ಮುಂಚೆಯೇ ಮಾಡಿಡುವುದಿಲ್ಲ. ರಕ್ತಪರೀಕ್ಷೆಯನ್ನು ಹಿಂದಿನ ದಿನವೇ ಮಾಡಿಸಬಹುದೇ ಎಂದು ಕೇಳಿ. ಒಪ್ಪಿದರೆ ಒಂದೆರಡು ಗಂಟೆ ಉಳಿಯುತ್ತದೆ, ಕೌಂಟ್ (ರಕ್ತಕಣಗಳ ಸಂಖ್ಯೆ) ಕಡಿಮೆ ಇದ್ದು ವಾಪಸ್ ಕಳಿಸುವ ಪ್ರಸಂಗವಿದ್ದರೆ ಮನೆಯಲ್ಲೇ ತಿಳಿಯುತ್ತದೆ. ಸೈಕಲ್ ಒಂದು ವಾರ ಮುಂದೆ ಹೋದರೆ ರೋಗಿಗಿಂತ ನೋಡಿಕೊಳ್ಳುವವರೇ ಹೆಚ್ಚು ಕುಸಿಯುತ್ತಾರೆ, ರಜೆ, ಮಕ್ಕಳು, ಎಲ್ಲವನ್ನೂ ಆ ತಾರೀಖಿಗೆ ಕಟ್ಟಿರುತ್ತಾರಲ್ಲ. ಮುಂದಿನ ಯಾವ ಯೋಜನೆಯನ್ನೂ ಒಂದು ವಾರ ಸಡಿಲ ಬಿಟ್ಟೇ ಮಾಡಿ.

ಮೊದಲ ಎರಡು ಮೂರು ದಿನ ಮೋಸ ಮಾಡುತ್ತವೆ. ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಸೋನ್ ಒಂದು ಸ್ಟೀರಾಯ್ಡ್. ಅದರ ಪ್ರಭಾವದಲ್ಲಿ ಮುಖ ಕೆಂಪಗೆ, ಮಾತು ಜೋರು, ಹಸಿವೂ ಉಂಟು. ರಾತ್ರಿ ಎರಡು ಗಂಟೆಗೆ ಎದ್ದು ಕಪಾಟು ಜೋಡಿಸಿದರೂ ಆಶ್ಚರ್ಯವಿಲ್ಲ. ಸಣ್ಣದಕ್ಕೂ ಸಿಡುಕುತ್ತಾರೆ. ಮಾತ್ರೆ ನಿಂತ ಮರುದಿನ ನೆಲ ಕುಸಿದಂತೆ ಸುಸ್ತು, ಕೆಲವರಿಗೆ ಅಳು. ಕಾರಣ ಹುಡುಕಬೇಡಿ, ನೋಟ್‌ಬುಕ್ಕಿನಲ್ಲಿ ದಿನ ನೋಡಿ. ನಿದ್ದೆ ಕೆಡುವುದಾದರೆ ಡೆಕ್ಸಾ ಮಾತ್ರೆಯನ್ನು ಬೆಳಿಗ್ಗೆ ತಿಂಡಿಯ ನಂತರ ಕೊಡಬಹುದೇ, ಎರಡು ಹೊತ್ತಿನದಾದರೆ ಎರಡನೆಯದನ್ನು ಮಧ್ಯಾಹ್ನಕ್ಕೇ ಮುಗಿಸಬಹುದೇ ಎಂದು ಕೇಳಿ. ಸಕ್ಕರೆ ಕಾಯಿಲೆ ಇದ್ದವರಿಗೆ ಈ ದಿನಗಳಲ್ಲಿ ಶುಗರ್ ಏರುತ್ತದೆ, ಅದನ್ನು ಡಾಕ್ಟರಿಗೆ ಮುಂಚೆಯೇ ಹೇಳಿಡಿ.

ವಾಂತಿಯ ಮಾತ್ರೆಯ ಬಗ್ಗೆ ಒಂದೇ ನಿಯಮ: ವಾಕರಿಕೆ ಬಂದ ಮೇಲಲ್ಲ, ಬರುವ ಮೊದಲು. "ಇವತ್ತು ಚೆನ್ನಾಗಿದ್ದೀನಿ, ಮಾತ್ರೆ ಬೇಡ" ಅನ್ನುವುದು ಎರಡನೇ ದಿನದ ಮಾತು. ಸಿಸ್‌ಪ್ಲಾಟಿನ್‌ನಂಥ ಕೀಮೋ ಔಷಧಿಯಲ್ಲಿ ತಡವಾಗಿ ಬರುವ ವಾಕರಿಕೆ 48ರಿಂದ 72 ಗಂಟೆಯ ನಡುವೆ ಜೋರಾಗುತ್ತದೆ. ಚೀಟಿಯಲ್ಲಿ "ಇಷ್ಟು ದಿನ ತಪ್ಪದೆ" ಎಂದಿರುವ ಮಾತ್ರೆ ಯಾವುದು, "ಬೇಕಾದರೆ ಮಾತ್ರ" ಎಂದಿರುವುದು ಯಾವುದು ಎಂದು ಡಬ್ಬಿಯ ಮೇಲೆಯೇ ಬರೆದಿಡಿ. ನುಂಗಿದ ಮಾತ್ರೆ ವಾಂತಿಯಲ್ಲಿ ಹೋದರೆ ಇನ್ನೊಂದು ಕೊಡುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ ಕೇಳಬೇಕು. ನೀರೂ ನಿಲ್ಲದೆ ಇಡೀ ದಿನ ಕಳೆದರೆ ಮನೆಯಲ್ಲಿ ಕಾಯುವ ಹೊತ್ತು ಮುಗಿಯಿತು ಎಂದೇ ಅರ್ಥ.

ಮಲಬದ್ಧತೆಯ ಬಗ್ಗೆ ಯಾರೂ ಮುಂಚೆ ಎಚ್ಚರಿಸುವುದಿಲ್ಲ. ಒಂಡಾನ್ಸೆಟ್ರಾನ್ ವಾಂತಿ ನಿಲ್ಲಿಸುತ್ತದೆ, ಜೊತೆಗೆ ಕರುಳಿನ ಚಲನೆಯನ್ನೂ ನಿಧಾನಿಸುತ್ತದೆ. ನೋವಿನ ಮಾತ್ರೆಯೂ ಸೇರಿದರೆ ನಾಲ್ಕನೇ ದಿನಕ್ಕೆ ಹೊಟ್ಟೆ ಕಲ್ಲು. ಮೃದು ವಿರೇಚಕವನ್ನು ಮೊದಲ ದಿನದಿಂದಲೇ ಶುರು ಮಾಡಬಹುದೇ ಎಂದು ಕೇಳಿ. ಎನಿಮಾ, ಗುದದ್ವಾರದಲ್ಲಿ ಇಡುವ ಮಾತ್ರೆ, ಅಲ್ಲಿ ಥರ್ಮಾಮೀಟರ್ ಇಡುವುದು, ಇವನ್ನು ಕೌಂಟ್ ಕಡಿಮೆ ಇದ್ದಾಗ ಮಾಡಬಾರದು. ಸಣ್ಣ ಗೀರು ಸಾಕು, ಸೋಂಕು ರಕ್ತಕ್ಕೆ ಇಳಿಯುತ್ತದೆ. ಭೇದಿಯಾದರೆ ಔಷಧಿ ಯಾವುದೆಂದು ನೋಡಬೇಕು: ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಚಿಕಿತ್ಸೆ) ನಡೆಯುತ್ತಿದ್ದರೆ ಭೇದಿ ಕರುಳಿನ ಉರಿಯೂತದ ಸೂಚನೆ ಇರಬಹುದು, ಮನೆಯಲ್ಲಿದ್ದ ಮಾತ್ರೆ ಕೊಟ್ಟು ಸುಮ್ಮನಿರುವ ವಿಷಯವಲ್ಲ.

ಊಟದ ಜಗಳ ಎಲ್ಲ ಮನೆಯಲ್ಲೂ ಇದೆ. "ಎರಡು ತುತ್ತಾದರೂ ತಿನ್ನು" ಅನ್ನುವುದು ಪ್ರೀತಿಯ ಮಾತೇ, ದಿನಕ್ಕೆ ಹತ್ತು ಸಲ ಕೇಳಿದರೆ ಹಿಂಸೆ. ತಟ್ಟೆ ತುಂಬ ಬಡಿಸಿದ್ದನ್ನು ನೋಡಿದರೇ ಹೊಟ್ಟೆ ತೊಳಸುವವರು, ಎರಡು ಮೂರು ಗಂಟೆಗೊಮ್ಮೆ ಸಣ್ಣ ಬಟ್ಟಲಿನಲ್ಲಿ ಕೊಟ್ಟರೆ ಇಡೀ ದಿನಕ್ಕೆ ಹೆಚ್ಚೇ ತಿಂದಿರುತ್ತಾರೆ. ಬಿಸಿ ಊಟದ ವಾಸನೆ ದೂರ ಹಬ್ಬುತ್ತದೆ, ಆರಿದ್ದು ಸಹ್ಯ. ಬಾಯಿಗೆ ಕಬ್ಬಿಣದ ರುಚಿ ಬರುತ್ತಿದ್ದರೆ ಸ್ಟೀಲ್ ಚಮಚ ಬದಲು ಪ್ಲಾಸ್ಟಿಕ್ ಅಥವಾ ಮರದ ಚಮಚ ಕೊಟ್ಟು ನೋಡಿ. ಅತಿ ಇಷ್ಟದ ತಿನಿಸನ್ನು ಕೀಮೋ ದಿನ ಕೊಡಬೇಡಿ, ಆಮೇಲೆ ಅದನ್ನು ಕಂಡರೆ ಆಗದ ಹಾಗೆ ಆಗಿಬಿಡಬಹುದು. ಏನು ಬೇಕು ಎಂದು ಕೇಳುವುದಕ್ಕಿಂತ ಕೈಗೆಟಕುವಲ್ಲಿ ಇಟ್ಟು ಆಚೆ ಹೋಗುವುದು ಮೇಲು. ತಿಂದದ್ದನ್ನಲ್ಲ, ತೂಕವನ್ನು ಲೆಕ್ಕವಿಡಿ: ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ. ಸಂಖ್ಯೆ ಸತತ ಇಳಿಯುತ್ತಿದ್ದರೆ ಡಯೆಟಿಶಿಯನ್ ಬಳಿ ಹೋಗಿ. ಯಾರೋ ಹೇಳಿದ ಗಿಡಮೂಲಿಕೆ, ಸಪ್ಲಿಮೆಂಟ್ ಯಾವುದನ್ನೂ ಆಂಕಾಲಜಿಸ್ಟಿಗೆ, ಅಂದರೆ ಕ್ಯಾನ್ಸರ್ ಡಾಕ್ಟರಿಗೆ, ತೋರಿಸದೆ ಕೊಡಬೇಡಿ, ಅವುಗಳಲ್ಲಿ ಕೆಲವು ರಕ್ತದಲ್ಲಿನ ಕೀಮೋದ ಪ್ರಮಾಣವನ್ನೇ ಏರುಪೇರು ಮಾಡುತ್ತವೆ.

ಇನ್ನು ಈ ಬರಹದಲ್ಲಿ ಒಂದೇ ಪ್ಯಾರಾ ಓದುವುದಾದರೆ ಇದನ್ನು ಓದಿ. 7ರಿಂದ 14ನೇ ದಿನದ ನಡುವೆ ಬಿಳಿ ರಕ್ತಕಣಗಳು, ಮುಖ್ಯವಾಗಿ ಸೋಂಕಿನೊಡನೆ ಹೋರಾಡುವ ನ್ಯೂಟ್ರೋಫಿಲ್‌ಗಳು, ತಳ ಮುಟ್ಟುತ್ತವೆ. ವಾಂತಿ ನಿಂತು, ಮುಖದಲ್ಲಿ ಕಳೆ ಬಂದು, "ಹೊರಗೆ ಹೋಗಿ ಬರೋಣ" ಅನ್ನುವ ಹೊತ್ತೂ ಅದೇ. ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿ ಎಷ್ಟು ಗಂಟೆಯಾದರೂ ಫೋನ್ ಮಾಡಬೇಕು, ಹೊರಡಬೇಕು. ಮೊದಲು ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ನೋಡೋಣ ಅನ್ನಬೇಡಿ. ಮಾತ್ರೆ ಜ್ವರವನ್ನು ಮುಚ್ಚುತ್ತದೆ, ಸೋಂಕನ್ನಲ್ಲ. ಜ್ವರವಿಲ್ಲದೆ ಬರೀ ಚಳಿ ನಡುಕ ಬಂದರೂ ಅಷ್ಟೇ, ಸ್ಟೀರಾಯ್ಡ್ ಕೂಡ ಜ್ವರವನ್ನು ಅಡಗಿಸಬಲ್ಲದು. ಎಮರ್ಜೆನ್ಸಿಯ ಬಾಗಿಲಲ್ಲಿ "ಜ್ವರ" ಅಂದಷ್ಟೇ ಹೇಳಿದರೆ ಸಾಲಿನಲ್ಲಿ ಕೂರಿಸಬಹುದು. "ಕೀಮೋ ನಡೀತಿದೆ, ಇವತ್ತು ಹತ್ತನೇ ದಿನ, ಜ್ವರ ಬಂದಿದೆ" ಅನ್ನಿ, ಕೊನೆಯ ಕೌಂಟ್ ತೋರಿಸಿ. ಇಂಥ ಜ್ವರಕ್ಕೆ ತಲುಪಿದ ಒಂದು ಗಂಟೆಯೊಳಗೆ ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್ ಶುರುವಾಗಬೇಕು ಅನ್ನುವುದು ವೈದ್ಯರು ಪಾಲಿಸುವ ಗುರಿ. ವರದಿಗಳು, ಔಷಧಿ ಪಟ್ಟಿ, ಚಾರ್ಜರ್, ಒಂದು ಜೊತೆ ಬಟ್ಟೆ ಇರುವ ಚೀಲ ಬಾಗಿಲ ಬಳಿ ಸದಾ ಸಿದ್ಧವಿರಲಿ. ಬಾಯಲ್ಲಿ ಜ್ವರ ನೋಡುವುದಾದರೆ ಬಿಸಿಯದೋ ತಣ್ಣಗಿನದೋ ಕುಡಿದು ಅರ್ಧ ಗಂಟೆ ಆಗಿರಬೇಕು, ಇಲ್ಲದಿದ್ದರೆ ಆ ಅಂಕೆ ಸುಳ್ಳು.

ಬಾಯಿ ಹುಣ್ಣೂ ಹೆಚ್ಚು ಕಡಿಮೆ ಇದೇ ವಾರದ ಅತಿಥಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ಪ್ರತಿ ಊಟದ ನಂತರ, ಮಲಗುವ ಮುಂಚೆ ಮುಕ್ಕಳಿಸಿ ಉಗುಳಬೇಕು. ನೀರು ದಿನದಿನವೂ ಹೊಸದಾಗಿ ಮಾಡಿ. ಆಲ್ಕೋಹಾಲ್ ಇರುವ ಮೌತ್‌ವಾಶ್ ಉರಿ ಹೆಚ್ಚಿಸುತ್ತದೆ. ಹುಣ್ಣು ಬಂದ ಮೇಲಲ್ಲ, ಮೊದಲ ದಿನದಿಂದ ಶುರು ಮಾಡಿ.

ಕೀಮೋ ಆದ ಮೊದಲ 48 ಗಂಟೆ ಮೂತ್ರ, ಮಲ, ವಾಂತಿಯಲ್ಲಿ ಔಷಧಿಯ ಅಂಶ ಹೊರಬರುತ್ತದೆ. ಸ್ವಚ್ಛ ಮಾಡುವವರು ಕೈಗವಸು ಹಾಕಬೇಕು, ಕಮೋಡಿನ ಮುಚ್ಚಳ ಮುಚ್ಚಿ ಎರಡು ಸಲ ಫ್ಲಶ್ ಮಾಡಬೇಕು, ಕೊಳೆಯಾದ ಬಟ್ಟೆ ಬೇರೆ ಒಗೆಯಬೇಕು. ಗರ್ಭಿಣಿಯರು ಈ ಕೆಲಸ ಮಾಡುವುದು ಬೇಡ. ತಬ್ಬಿಕೊಳ್ಳಲು, ಪಕ್ಕದಲ್ಲಿ ಮಲಗಲು ಇದರಿಂದ ಅಡ್ಡಿಯಿಲ್ಲ. ಈ ಭಯದಲ್ಲಿ ದೂರ ಸರಿಯುವ ದಂಪತಿಗಳಿದ್ದಾರೆ, ಅದಕ್ಕೇ ಬರೆದೆ.

ಔಷಧಿಯ ಹೆಸರು ತಿಳಿದಿದ್ದರೆ ಅರ್ಧ ಗಾಬರಿ ಕಡಿಮೆ. ಡಾಕ್ಸೊರೂಬಿಸಿನ್ ಆದರೆ ಒಂದೆರಡು ದಿನ ಮೂತ್ರ ಕೆಂಪಗಿರುತ್ತದೆ, ಅದು ರಕ್ತವಲ್ಲ. ಆಕ್ಸಾಲಿಪ್ಲಾಟಿನ್ ಆದರೆ ತಣ್ಣೀರು ಗಂಟಲಿಗೆ ಚುಚ್ಚುತ್ತದೆ, ಫ್ರಿಜ್ಜಿನಿಂದ ವಸ್ತು ತೆಗೆದುಕೊಡುವ ಕೆಲಸ ನಿಮ್ಮದು. ಪ್ಯಾಕ್ಲಿಟ್ಯಾಕ್ಸೆಲ್ ಬೆರಳ ತುದಿ ಜೋಮು ಹಿಡಿಸುತ್ತದೆ. ಗುಂಡಿ ಹಾಕಲು, ಬಾಟಲಿ ಮುಚ್ಚಳ ತೆಗೆಯಲು ಕಷ್ಟವಾಗುತ್ತಿದೆಯೇ ಎಂದು ನೀವೇ ಗಮನಿಸಿ ಡಾಕ್ಟರಿಗೆ ಹೇಳಿ, ಡೋಸ್ ಕಡಿಮೆ ಮಾಡಿಬಿಟ್ಟಾರೆಂದು ರೋಗಿಗಳು ಮುಚ್ಚಿಡುವುದುಂಟು. ಕೌಂಟ್ ಏರಿಸುವ ಇಂಜೆಕ್ಷನ್ ಕೊಟ್ಟಿದ್ದರೆ ಸೊಂಟ, ತೊಡೆಯ ಮೂಳೆ ನೋಯುತ್ತದೆ, ಮಜ್ಜೆ ಕೆಲಸ ಮಾಡುತ್ತಿರುವ ನೋವು ಅದು. ತೋಳಿನಲ್ಲಿ ಪಿಕ್ ಲೈನ್ (ಔಷಧಿ ಕೊಡಲು ರಕ್ತನಾಳದೊಳಗೆ ಇಟ್ಟಿರುವ ತೆಳು ಕೊಳವೆ) ಇದ್ದರೆ ಆ ಕೈಯಲ್ಲಿ ಬಿಪಿ ನೋಡಬಾರದು, ಡ್ರೆಸ್ಸಿಂಗ್ ಒದ್ದೆಯಾಗಬಾರದು, ವಾರಕ್ಕೊಮ್ಮೆ ನರ್ಸ್ ಬದಲಿಸಬೇಕು. ಆ ಕೈ ಊದಿದರೆ ಅಥವಾ ನೋಯತೊಡಗಿದರೆ ಅಂದೇ ಹೇಳಿ.

ಫೋನ್ ಕರೆಗಳು ಬೇರೆಯೇ ಕಾಟ. ಹತ್ತು ಜನಕ್ಕೆ ಅದೇ ವರದಿ ಒಪ್ಪಿಸಿದ ಮೇಲೆ ಹನ್ನೊಂದನೆಯವರು ಕೊಡುವ ಸಲಹೆ ಕೇಳುವ ತ್ರಾಣ ಯಾರಿಗೂ ಇರುವುದಿಲ್ಲ. ಸುದ್ದಿ ಹಂಚಲು ಮನೆಯಾಚೆಯ ಒಬ್ಬರನ್ನು ಗೊತ್ತು ಮಾಡಿ. "ಏನಾದರೂ ಬೇಕಾದರೆ ಹೇಳಿ" ಅನ್ನುವವರಿಗೆ ತಾರೀಖು ಮತ್ತು ಕೆಲಸ ಕೊಡಿ: ಗುರುವಾರ ಮಕ್ಕಳನ್ನು ಶಾಲೆಯಿಂದ ಕರೆತನ್ನಿ, ಹದಿನೈದನೇ ದಿನ ಮೂರು ಗಂಟೆ ಇಲ್ಲಿ ಕೂತಿರಿ. ನೆಗಡಿ ಇದ್ದವರು ಮಾತ್ರ ಎರಡನೇ ವಾರದಲ್ಲಿ ಹೊಸಿಲು ದಾಟುವುದು ಬೇಡ.

ಆ ಮೂರು ಗಂಟೆ ನೀವು ಹೊರಗೆ ಹೋಗುವಾಗ ಕೂತವರ ಕೈಗೆ ಕೊಡಬೇಕಾದ್ದು ಒಂದೇ ಹಾಳೆ: ಔಷಧಿಗಳ ಹೆಸರು, ಅಲರ್ಜಿ, ಇವತ್ತು ಎಷ್ಟನೇ ದಿನ, ಮುಂದಿನ ಮಾತ್ರೆ ಎಷ್ಟು ಗಂಟೆಗೆ, ಹಗಲಿನ ನಂಬರ್, ರಾತ್ರಿಯ ನಂಬರ್. ಕೆಳಗೆ ದಪ್ಪ ಅಕ್ಷರದಲ್ಲಿ 38.