ಅಡುಗೆಮನೆಗೆ ಹಾಬ್ ಮತ್ತು ಚಿಮ್ನಿ: ಹಂಚಿನ ಅಳತೆಯಿಂದ ಆರಂಭವಾದ ಆಯ್ಕೆ

ಫೆಬ್ರವರಿ 2

ಗವಿಮಠದ ಜಾತ್ರೆ ಮುಗಿದು ನೆಂಟರೆಲ್ಲ ಊರಿಗೆ ಮರಳಿದ್ದಾರೆ. ಹಲವು ವರ್ಷಗಳಿಂದ ಮುಂದಕ್ಕೆ ಹಾಕುತ್ತ ಬಂದಿದ್ದ ಅಡುಗೆಮನೆಯ ಕೆಲಸವನ್ನು ಈ ವಾರ ಕೈಗೆತ್ತಿಕೊಂಡಿದ್ದೇನೆ. ಕೊಪ್ಪಳದ ಹಳೆಯ ಓಣಿಯಲ್ಲಿರುವ ನಮ್ಮ ಮನೆಯ ಗೋಡೆಗಳು ಒಂದೂವರೆ ಅಡಿ ದಪ್ಪದ ಕಲ್ಲಿನವು. ಮಣ್ಣಿನ ಮಾಳಿಗೆ ಇದ್ದ ಕಾಲದಲ್ಲಿ ಒಲೆಯ ನೆತ್ತಿಯ ಮೇಲೆಯೇ ಒಂದು ಗವಾಕ್ಷಿ ಇತ್ತು. ಹೊಗೆ ಯಾರ ಹಂಗೂ ಇಲ್ಲದೆ ಅದರ ಮೂಲಕ ಆಚೆ ಹೋಗುತ್ತಿತ್ತು. ಮಾಳಿಗೆ ತೆಗೆದು ಸ್ಲ್ಯಾಬ್ ಹಾಕಿಸಿದಾಗ ಆ ಗವಾಕ್ಷಿ ಮುಚ್ಚಿಹೋಯಿತು, ಸೌದೆ ಒಲೆಯ ಬದಲು ಗ್ಯಾಸ್ ಬಂದಿದೆಯಲ್ಲ ಎಂದು ನಾವೂ ಸುಮ್ಮನಾದೆವು. ಆದರೆ ಗ್ಯಾಸ್ ಒಲೆಯಲ್ಲಿ ಹೊಗೆ ಇಲ್ಲದಿದ್ದರೂ ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಇದ್ದೇ ಇದೆ. ಅವ್ವನಿಗೆ ದಮ್ಮು. ಜಾತ್ರೆಯ ದಾಸೋಹದಲ್ಲಿ ಲಕ್ಷಗಟ್ಟಲೆ ಮಿರ್ಚಿ ಕರಿಯುವಾಗ ಬಯಲಿನ ಗಾಳಿ ಆ ಘಾಟನ್ನು ಹೊತ್ತೊಯ್ಯುತ್ತದೆ. ನಮ್ಮ ಮನೆಯಲ್ಲಿ ಇಪ್ಪತ್ತು ಮಿರ್ಚಿ ಕರಿದರೂ ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡು ಹಿತ್ತಲಿಗೆ ಹೋಗಿ ಕೂರಬೇಕಾಗುತ್ತದೆ. ಈ ಕೆಲಸಕ್ಕೆ ಮೊದಲ ಕಾರಣ ಅದು.

ಅಡುಗೆಮನೆಯ ಅಳತೆಯನ್ನು ಬರೆದಿಟ್ಟುಕೊಂಡೆ: ಉದ್ದ 12 ಅಡಿ, ಅಗಲ 9 ಅಡಿ, ಎತ್ತರ 10 ಅಡಿ, ಒಟ್ಟು 1080 ಘನ ಅಡಿ, ಅಂದರೆ ಸುಮಾರು 30 ಘನ ಮೀಟರ್ ಗಾಳಿ.

ಫೆಬ್ರವರಿ 9

ಒಲೆಯ ವಿಚಾರವನ್ನು ಮೊದಲು ತೀರ್ಮಾನಿಸಬೇಕು, ಏಕೆಂದರೆ ಘಾಟನ್ನು ಹೀರಿಕೊಳ್ಳಲು ಅದರ ಮೇಲೆ ಕೂರಿಸುವ ಚಿಮ್ನಿಯ ಅಗಲ ಒಲೆಯ ಅಗಲವನ್ನು ಅನುಸರಿಸುತ್ತದೆ. ಹೊಸಪೇಟೆಯ ಎರಡು ಅಂಗಡಿಗಳಲ್ಲಿ ನಮಗೆ ತೋರಿಸಿದ್ದೆಲ್ಲ 60 ಸೆಂಟಿಮೀಟರ್ ಅಗಲದ, ನಾಲ್ಕು ಬರ್ನರ್‌ಗಳ, ಕಪ್ಪು ಗಾಜಿನ ಹಾಬ್‌ಗಳು, ಅಂದರೆ ಕಟ್ಟೆಯ ಕಲ್ಲಿನೊಳಗೆ ಇಳಿಸಿ ಕೂರಿಸುವ ಗ್ಯಾಸ್ ಒಲೆಗಳು. ಅವು ನೋಡಲು ಅಂದವಾಗಿವೆ. ಆದರೆ ಅವ್ವ ಒಂದೇ ಮಾತು ಹೇಳಿದಳು: “ಹಂಚು, ಬಾಣಲಿ ಎರಡೂ ಒಮ್ಮೆಗೇ ಕೂಡಬೇಕಪಾ. ಇಲ್ಲಾಂದ್ರ ಅದು ನನಗ ಒಲಿ ಅಲ್ಲ.”

ಇಡೀ ಆಯ್ಕೆಯ ತಿರುಳು ಆ ಮಾತಿನಲ್ಲಿದೆ ಎಂದು ನನಗೆ ಮನೆಗೆ ಬಂದು ಅಳೆದಾಗ ಮನವರಿಕೆಯಾಯಿತು. ನಮ್ಮ ರೊಟ್ಟಿಯ ಕಬ್ಬಿಣದ ಹಂಚು 33 ಸೆಂಟಿಮೀಟರ್ ಅಗಲ, ಪಲ್ಯದ ಬಾಣಲೆ 30 ಸೆಂಟಿಮೀಟರ್. ಇವೆರಡರ ಅರ್ಧಗಳನ್ನು ಕೂಡಿಸಿದರೆ 31.5, ಕೈಯಾಡಿಸಲು ಎರಡು ಸೆಂಟಿಮೀಟರ್ ಸೇರಿಸಿದರೆ, ಒಂದು ಬರ್ನರ್‌ನ ನಡುವಿನಿಂದ ಇನ್ನೊಂದರ ನಡುವಿಗೆ ಕನಿಷ್ಠ 33 ರಿಂದ 34 ಸೆಂಟಿಮೀಟರ್ ಅಂತರ ಬೇಕು. 60 ಸೆಂಟಿಮೀಟರ್ ಹಾಬ್‌ನಲ್ಲಿ ಹಂಚು ಇಟ್ಟರೆ ಪಕ್ಕದ ಎರಡು ಬರ್ನರ್‌ಗಳು ಅದರ ನೆರಳಿಗೆ ಬಂದುಬಿಡುತ್ತವೆ. ನಾಲ್ಕು ಬರ್ನರ್‌ಗಳಿಗೆ ಹಣ ಕೊಟ್ಟು ಎರಡನ್ನು ಬಳಸಿದಂತಾಗುತ್ತದೆ. ಹೀಗಾಗಿ ನಮಗೆ ಸರಿಯಾದದ್ದು 75 ಸೆಂಟಿಮೀಟರ್‌ಗಿಂತ ಅಗಲವಾದ, ಮೂರೇ ಬರ್ನರ್‌ಗಳಿರುವ ಹಾಬ್.

ಫೆಬ್ರವರಿ 16

ಈ ಬಾರಿ ಹಂಚನ್ನೂ ಬಾಣಲೆಯನ್ನೂ ಚೀಲದಲ್ಲಿ ಹಾಕಿಕೊಂಡೇ ಅಂಗಡಿಗೆ ಹೋದೆವು. ಹೀಗೆ ಮಾಡುವುದನ್ನು ಎಲ್ಲರಿಗೂ ಶಿಫಾರಸು ಮಾಡುತ್ತೇನೆ. ಪುಸ್ತಿಕೆಯಲ್ಲಿ ಬರೆದ ಅಳತೆಯನ್ನು ಓದುವುದು ಬೇರೆ, ನಮ್ಮ ಪಾತ್ರೆಯನ್ನೇ ಇಟ್ಟು ನೋಡುವುದು ಬೇರೆ. ಒಂದು ಹಾಬ್‌ನ ಮೇಲೆ ಹಂಚು ಇಟ್ಟಾಗ ಅದು ಒಲೆಯ ಮುಂದಿನ ಗುಂಡಿಗಳ ಮೇಲೆಯೇ ಚಾಚಿಕೊಂಡಿತು. ಅರ್ಧ ಗಂಟೆ ರೊಟ್ಟಿ ಬೇಯಿಸಿದ ಮೇಲೆ ಆ ಗುಂಡಿಯನ್ನು ಮುಟ್ಟುವುದು ಹೇಗೆ?

ಗಾಜೋ ಸ್ಟೀಲೋ ಎಂಬ ಪ್ರಶ್ನೆಯ ಮೇಲೆ ಬಹಳ ಹೊತ್ತು ಚರ್ಚೆಯಾಯಿತು. ಹದಗೊಳಿಸಿದ ಗಾಜು ಸಾಮಾನ್ಯ ಬಳಕೆಗೆ ಗಟ್ಟಿಯಾಗಿಯೇ ಇರುತ್ತದೆ. ಆದರೆ ಜೋಳದ ರೊಟ್ಟಿಯ ಕೆಲಸ ಸಾಮಾನ್ಯವಾದುದಲ್ಲ: ಅಗಲವಾದ ಹಂಚು ಬೆಂಕಿಯ ಕಾವನ್ನು ಕೆಳಮುಖವಾಗಿ ಗಾಜಿನ ಮೇಲೆ ತಿರುಗಿಸುತ್ತದೆ, ಅದೇ ಹೊತ್ತಿಗೆ ರೊಟ್ಟಿಯ ಮೇಲೆ ಸವರುವ ಒದ್ದೆ ಬಟ್ಟೆಯಿಂದ ತಣ್ಣೀರಿನ ಹನಿಗಳು ಆ ಕಾದ ಗಾಜಿನ ಮೇಲೆ ಬೀಳುತ್ತವೆ. ಭಾರವಾದ ಹಂಚನ್ನು ಇಳಿಸುವಾಗ ಒಮ್ಮೆ ಅಂಚಿಗೆ ತಾಗಿ ಕಣ್ಣಿಗೆ ಕಾಣದ ಚಕ್ಕೆ ಎದ್ದರೂ ಗಾಜು ಮುಂದೆ ಯಾವಾಗಲಾದರೂ ಪುಡಿಯಾಗಬಹುದು. ಆದ್ದರಿಂದ ನಾನು ಸ್ಟೀಲ್ ಮೇಲ್ಮೈಯನ್ನೇ ಆರಿಸಿದೆ. ಗೀರು ಬೀಳುತ್ತದೆ, ನೀರಿನ ಕಲೆ ಕಾಣುತ್ತದೆ, ಮಾದರಿಗಳೂ ಕಡಿಮೆ. ಆದರೂ ನಮ್ಮ ಅಡುಗೆಗೆ ಅದೇ ತಕ್ಕದ್ದು ಎಂಬುದು ನನ್ನ ದೃಢ ಅಭಿಪ್ರಾಯ.

ಬರ್ನರ್ ಹಿತ್ತಾಳೆಯದಾಗಿರಬೇಕು, ಹಂಚು ಇಡುವ ಕಡೆಯದು ಎರಡು ಉಂಗುರಗಳಾಗಿ ಉರಿಯಬೇಕು ಎಂಬುದನ್ನು ಬಿಟ್ಟುಕೊಡಲಿಲ್ಲ. ಒಂದೇ ಸಣ್ಣ ಉಂಗುರದ ಉರಿಯಲ್ಲಿ ರೊಟ್ಟಿಯ ನಡುಭಾಗ ಸೀದುಹೋಗಿ ಅಂಚು ಹಸಿಯಾಗಿ ಉಳಿಯುತ್ತದೆ. ಗ್ಯಾಸ್ ಒಲೆಗಳ ಭಾರತೀಯ ಮಾನದಂಡವಾದ ಐಎಸ್ 4246ರ ಗುರುತು ಇರುವುದನ್ನೂ ನೋಡಿಕೊಂಡೆ. ಆ ಮಾನದಂಡದ ಪ್ರಕಾರ ಒಲೆಯ ಉಷ್ಣ ದಕ್ಷತೆ ಕನಿಷ್ಠ 68 ಶೇಕಡಾ ಇರಬೇಕು. ದೊಡ್ಡ ಬರ್ನರ್ 3.5 ಕಿಲೋವ್ಯಾಟ್‌ನದಾದರೆ ಪೂರ್ತಿ ಉರಿಯಲ್ಲಿ ಗಂಟೆಗೆ ಸುಮಾರು 270 ಗ್ರಾಂ ಗ್ಯಾಸ್ ಉರಿಯುತ್ತದೆ, ಅಂದರೆ 14.2 ಕಿಲೋ ಸಿಲಿಂಡರ್ ಐವತ್ತು ಗಂಟೆಗಳಿಗೆ ಸ್ವಲ್ಪ ಹೆಚ್ಚು ಬರುತ್ತದೆ. ಈ ಲೆಕ್ಕ ಹಾಕಿದ ಮೇಲೆ ಇನ್ನೂ ದೊಡ್ಡ ಬರ್ನರ್‌ನ ಆಸೆ ಬಿಟ್ಟೆ.

ಉರಿ ನಂದಿದರೆ ಗ್ಯಾಸ್ ತಾನಾಗಿ ನಿಲ್ಲುವ ವ್ಯವಸ್ಥೆಗೆ ಹೆಚ್ಚು ಹಣ ಕೊಟ್ಟಿದ್ದೇನೆ. ರೊಟ್ಟಿಯ ಹಿಟ್ಟಿಗೆ ಇಟ್ಟ ಎಸರು ಉಕ್ಕಿ ಬರ್ನರ್ ನಂದಿಸುವುದು ನಮ್ಮಲ್ಲಿ ವಾರಕ್ಕೊಮ್ಮೆಯಾದರೂ ಆಗುತ್ತದೆ. ಬರ್ನರ್ ಪಕ್ಕದಲ್ಲಿರುವ ಸಣ್ಣ ಕಡ್ಡಿ ಬಿಸಿಯಾಗಿರುವವರೆಗೆ ಮಾತ್ರ ಒಳಗಿನ ವಾಲ್ವ್ ತೆರೆದಿರುತ್ತದೆ. ಅದು ತಣ್ಣಗಾದರೆ ಮುಚ್ಚಿಕೊಳ್ಳುತ್ತದೆ. ಹೊತ್ತಿಸುವಾಗ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿಯಬೇಕಾದದ್ದು ಅವ್ವನಿಗೆ ಹೊಸದು, ಎರಡು ದಿನ ಅಭ್ಯಾಸ ಬೇಕಾಗಬಹುದು. ಕಿಡಿ ಹೊತ್ತಿಸಲು ಕರೆಂಟ್ ಬೇಡದ, ಬ್ಯಾಟರಿಯ ಮಾದರಿಯನ್ನು ತೆಗೆದುಕೊಂಡೆವು. ಇಂಡಕ್ಷನ್ ಒಲೆಯ ಯೋಚನೆಯನ್ನು ಬೇಗನೆ ಕೈಬಿಟ್ಟೆ. ಹಂಚು ಕಬ್ಬಿಣದ್ದೇ ಆದರೂ ಅದರ ತಳ ಉಬ್ಬಿರುವುದರಿಂದ ಸಪಾಟು ಗಾಜಿನ ಮೇಲೆ ಕೂರುವುದಿಲ್ಲ.

ಮಾರ್ಚ್ 1

ಚಿಮ್ನಿಯ ಆಯ್ಕೆಯಲ್ಲಿ ಅಂಗಡಿಯವರು ಮೊದಲು ಹೇಳುವುದು ಹೀರುವ ಶಕ್ತಿಯ ಅಂಕಿ: ಗಂಟೆಗೆ 1200 ಘನ ಮೀಟರ್, 1400, 1500. ನಮ್ಮ 30 ಘನ ಮೀಟರ್ ಕೋಣೆಯ ಗಾಳಿಯನ್ನು ಗಂಟೆಗೆ ಹದಿನೈದು ಬಾರಿ ಬದಲಿಸಿದರೂ 450 ಸಾಕು. ಕರಿಯುವ, ಒಗ್ಗರಣೆ ಹಾಕುವ ಮನೆಗೆ ಅದರ ಎರಡರಷ್ಟು ಇಟ್ಟುಕೊಳ್ಳುವುದು ಒಳ್ಳೆಯದು. ಚೀಟಿಯ ಮೇಲಿನ ಅಂಕಿ ಪೈಪಿನ ತಡೆಯಿಲ್ಲದೆ ಸಿಗುವ ಗರಿಷ್ಠ ಎಂಬುದನ್ನು ಮರೆಯಬಾರದು. ಪೈಪು ಉದ್ದವಾದಷ್ಟೂ, ಬಾಗಿದಷ್ಟೂ, ಕಿರಿದಾದಷ್ಟೂ ಅದು ಇಳಿಯುತ್ತದೆ. ಮೂರು ಕಡೆ ಬಾಗಿದ ಪೈಪಿಗೆ ಜೋಡಿಸಿದ 1500ಕ್ಕಿಂತ ನೆಟ್ಟಗೆ ಗೋಡೆಯಾಚೆ ಹೋಗುವ 1200 ಮೇಲು.

ಪೈಪೇ ಇಲ್ಲದ, ಇದ್ದಿಲಿನ ಫಿಲ್ಟರ್ ಇರುವ ಚಿಮ್ನಿಯನ್ನು ಒಬ್ಬರು ಬಹಳ ಒತ್ತಾಯಿಸಿ ತೋರಿಸಿದರು. ಕಲ್ಲಿನ ಗೋಡೆ ಕೊರೆಯುವ ಖರ್ಚು ಉಳಿಯುತ್ತದೆ ಎಂಬುದು ಅವರ ವಾದ. ಅದು ವಾಸನೆಯನ್ನು ಸ್ವಲ್ಪ ತಗ್ಗಿಸಿ, ಅದೇ ಗಾಳಿಯನ್ನು ಕಾವಿನ ಸಮೇತ ಕೋಣೆಗೇ ಮರಳಿ ಬಿಡುತ್ತದೆ. ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಒಲೆಯ ಮುಂದೆ ನಿಲ್ಲುವವರಿಗೆ ಅದರಿಂದ ಏನೂ ಸುಖವಿಲ್ಲ.

ಫಿಲ್ಟರ್ ವಿಷಯದಲ್ಲಿ ಜಾಳಿಗೆಯದನ್ನು ಬಿಟ್ಟು, ಬಾಗಿದ ಸ್ಟೀಲ್ ಪಟ್ಟಿಗಳ ಬ್ಯಾಫಲ್ ಫಿಲ್ಟರ್ ತೆಗೆದುಕೊಂಡೆ. ಗಾಳಿ ಆ ಪಟ್ಟಿಗಳ ನಡುವೆ ತಿರುತಿರುಗಿ ಹೋಗುವಾಗ ಎಣ್ಣೆಯ ಹನಿಗಳು ತಿರುಗಲಾರದೆ ಲೋಹಕ್ಕೆ ಬಡಿದು ಕೆಳಗಿಳಿಯುತ್ತವೆ. ರೊಟ್ಟಿ ಮಾಡುವ ಮನೆಗಳಲ್ಲಿ ಎಣ್ಣೆಯ ಜೊತೆಗೆ ಜೋಳದ ಹಿಟ್ಟಿನ ಧೂಳೂ ಮೇಲೇರುವುದರಿಂದ ಎರಡೂ ಸೇರಿ ಜಾಳಿಗೆಯ ಸಣ್ಣ ಕಣ್ಣುಗಳಲ್ಲಿ ಅಂಟಿನಂತೆ ಮೆತ್ತಿಕೊಳ್ಳುತ್ತವೆ. ಫಿಲ್ಟರೇ ಇಲ್ಲದ ಮಾದರಿಯಲ್ಲಿ ಆ ಜಿಡ್ಡು ಕೈಗೆಟುಕದ ಫ್ಯಾನಿನ ರೆಕ್ಕೆಗಳಿಗೆ ಹೋಗುತ್ತದೆ. ಬಿಸಿ ಮಾಡಿ ತಾನೇ ಶುಚಿಯಾಗುವ ವ್ಯವಸ್ಥೆ ಎಣ್ಣೆಯನ್ನು ಕರಗಿಸಬಹುದು, ಸುಟ್ಟ ಹಿಟ್ಟನ್ನಲ್ಲ. ಬ್ಯಾಫಲ್ ಆದರೆ ತೆಗೆದು ಬಿಸಿನೀರು, ಸೋಪಿನ ಪುಡಿಯಲ್ಲಿ ನೆನೆಸಿ ಉಜ್ಜಬಹುದು. ಚಿಮ್ನಿಯ ಅಗಲ 90 ಸೆಂಟಿಮೀಟರ್.

ಮಾರ್ಚ್ 15

ಗ್ರಾನೈಟ್ ಕಟ್ಟೆಯಲ್ಲಿ ಹಾಬ್ ಇಳಿಸಲು ಕಿಂಡಿ ಕತ್ತರಿಸುವಾಗ ತಪ್ಪಾಯಿತು. ಹಾಬ್‌ನ ಹೊರ ಅಳತೆ 78 × 52 ಸೆಂಟಿಮೀಟರ್, ಪುಸ್ತಿಕೆಯಲ್ಲಿ ಕೊಟ್ಟ ಕಿಂಡಿಯ ಅಳತೆ 73 × 48. ಕೆಲಸದವರು ಪುಸ್ತಿಕೆಯನ್ನು ನೋಡದೆ ಹಾಬ್‌ನ್ನೇ ಬೋರಲು ಹಾಕಿ, ಸುತ್ತ ಗೆರೆ ಎಳೆದು, ಒಂದು ಸೆಂಟಿಮೀಟರ್ ಒಳಗೆ ಕತ್ತರಿಸಿಬಿಟ್ಟರು. ನಾನು ಆ ಹೊತ್ತಿಗೆ ಅಲ್ಲಿರಲಿಲ್ಲ, ಇರಬೇಕಿತ್ತು. ಒಂದೇ ಸೆಂಟಿಮೀಟರ್ ಆಧಾರದ ಮೇಲೆ ಭಾರದ ಹಂಚನ್ನು ನಂಬಲು ಸಾಧ್ಯವಿಲ್ಲ, ಕೆಳಗಿನ ಕ್ಲಾಂಪುಗಳಿಗೂ ಹಿಡಿತ ಸಿಗುತ್ತಿರಲಿಲ್ಲ. ಕೊನೆಗೆ ಬೇರೊಬ್ಬ ಗೌಂಡಿ ಅದೇ ಗ್ರಾನೈಟ್‌ನ ಪಟ್ಟಿಗಳನ್ನು ಒಳ ಅಂಚಿಗೆ ಎಪಾಕ್ಸಿ ಅಂಟು ಹಚ್ಚಿ ಕೂರಿಸಿ, ಕೆಳಗಿನಿಂದ ಕೋನಪಟ್ಟಿಯ ಆಸರೆ ಕೊಟ್ಟರು. ಒಂದು ಇಡೀ ದಿನ ಯಾರೂ ಅದನ್ನು ಮುಟ್ಟಲಿಲ್ಲ.

ಗೋಡೆ ಕೊರೆಯುವ ಕೆಲಸ ಮಾತ್ರ ಚೆನ್ನಾಗಿ ನಡೆಯಿತು. ಆರು ಇಂಚಿನ ಕೋರ್ ಯಂತ್ರಕ್ಕೆ ನೀರು ಬಿಡುತ್ತ ಒಂದೂವರೆ ಅಡಿ ಕಲ್ಲನ್ನು ದಾಟಲು ಎರಡು ಗಂಟೆ ಹಿಡಿಯಿತು. ರಂಧ್ರ ಹೊರಗಡೆಗೆ ತುಸು ಇಳಿಜಾರಾಗಿರುವಂತೆ ನೋಡಿಕೊಂಡೆವು, ಇಲ್ಲವಾದರೆ ಮಳೆನೀರು ಒಳಗೆ ಹರಿಯುತ್ತದೆ.

ಮಾರ್ಚ್ 22

ಇಂದು ಎರಡನ್ನೂ ಜೋಡಿಸಿದರು. ಹಾಬ್‌ನಿಂದ ಚಿಮ್ನಿಗೆ 70 ಸೆಂಟಿಮೀಟರ್ ಎತ್ತರ ಇಟ್ಟಿದ್ದೇವೆ. 65ಕ್ಕಿಂತ ಕೆಳಗೆ ಬಂದರೆ ಕಾವು ತಟ್ಟುತ್ತದೆ, 75 ದಾಟಿದರೆ ಘಾಟು ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳುತ್ತದೆ. ಸಿಲಿಂಡರ್ ಇರುವ ಗೂಡಿನ ಬಾಗಿಲಿನಲ್ಲಿ ನೆಲಕ್ಕೆ ತಾಗಿದಂತೆ ಗಾಳಿಕಿಂಡಿ ಬಿಡಿಸಿದೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ನಿಲ್ಲುತ್ತದೆ. ಮೇಲಿರುವ ಚಿಮ್ನಿ ಅದನ್ನು ತೆಗೆಯಲಾರದು. ಗ್ಯಾಸ್ ವಾಸನೆ ಬಂದಾಗ ಚಿಮ್ನಿಯ ಸ್ವಿಚ್ ಹಾಕಲೇಬಾರದು, ಕಿಡಿ ಹಾರುವ ಅಪಾಯವಿದೆ ಎಂದು ಮನೆಯವರೆಲ್ಲರಿಗೂ ಕೂರಿಸಿ ಹೇಳಿದ್ದೇನೆ.

ಸಂಜೆ ಊದಿನಕಡ್ಡಿ ಹಚ್ಚಿ ಪರೀಕ್ಷಿಸಿದೆ. ಕಿಟಕಿ, ಬಾಗಿಲು ಎರಡೂ ಮುಚ್ಚಿದ್ದಾಗ ಹೊಗೆಯ ಎಳೆ ಮೇಲೇರಿ, ಚಿಮ್ನಿಯ ಅಂಚಿನ ಬಳಿ ತಡವರಿಸಿ, ಕೋಣೆಯೊಳಗೆ ಚದುರಿತು. ಎದುರಿನ ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದ ಕೂಡಲೇ ಅದೇ ಎಳೆ ದಾರ ಎಳೆದಂತೆ ಫಿಲ್ಟರ್‌ನೊಳಗೆ ಹೋಯಿತು. ಹೊರಹೋಗುವಷ್ಟು ಗಾಳಿ ಒಳಬರದಿದ್ದರೆ ಯಾವ ಯಂತ್ರವೂ ಹೀರಲಾರದು. ಒಲೆಯ ಪಕ್ಕದ ಕಿಟಕಿಯನ್ನು ಮಾತ್ರ ತೆರೆಯಬಾರದು. ಅಲ್ಲಿಂದ ಬರುವ ಗಾಳಿ ಉರಿಯನ್ನೇ ಓಲಾಡಿಸುತ್ತದೆ.

ಏಪ್ರಿಲ್ 26

ಐದು ವಾರಗಳ ಬಳಕೆಯ ನಂತರ ಫಿಲ್ಟರ್ ತೆಗೆದು ತೊಳೆದೆವು. ಪಟ್ಟಿಗಳ ಕೆಳಭಾಗದಲ್ಲಿ ಜೇನಿನ ಬಣ್ಣದ ಎಣ್ಣೆ, ಮೇಲ್ಭಾಗದಲ್ಲಿ ಕಂದು ಬಣ್ಣದ ಹಿಟ್ಟಿನ ಪದರ ಬೇರೆ ಬೇರೆಯಾಗಿ ಕಾಣುತ್ತಿತ್ತು. ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆಸಿದ ಮೇಲೆ ಎರಡೂ ಸಲೀಸಾಗಿ ಬಿಟ್ಟವು. ಒಗ್ಗರಣೆಗೆ ಐದು ನಿಮಿಷ ಮೊದಲೇ ಚಿಮ್ನಿ ಹಾಕಿ, ಅಡುಗೆ ಮುಗಿದ ಮೇಲೂ ಹತ್ತು ನಿಮಿಷ ಬಿಡುವುದನ್ನು ಈಗ ಎಲ್ಲರೂ ರೂಢಿಸಿಕೊಂಡಿದ್ದೇವೆ. ಅತಿ ವೇಗದಲ್ಲಿ ಸದ್ದು ಹೆಚ್ಚು. ಮಿರ್ಚಿ ಕರಿಯುವಾಗ ಮಾತ್ರ ಅದನ್ನು ಬಳಸುತ್ತೇವೆ. ಕಳೆದ ಭಾನುವಾರ ಅವ್ವ ಎರಡು ಬಾಣಲೆ ಮಿರ್ಚಿ ಕರಿದು ಮುಗಿಸುವವರೆಗೂ ಒಲೆಯ ಮುಂದೆಯೇ ನಿಂತಿದ್ದಳು.

ಎಡಗಡೆಯ ಬರ್ನರ್‌ನ ಉರಿಯ ತುದಿ ಈಚೆಗೆ ಹಳದಿಯಾಗುತ್ತಿದೆ, ಬಾಣಲೆಯ ತಳಕ್ಕೆ ಮಸಿ ಹಿಡಿಯುತ್ತಿದೆ. ಗ್ಯಾಸ್‌ಗೆ ಬೇಕಾದಷ್ಟು ಗಾಳಿ ಬೆರೆಯುತ್ತಿಲ್ಲ ಎಂದು ಅರ್ಥ. ಹಾಬ್‌ನ ಕೆಳಗಿನ ಗೂಡನ್ನು ಪೂರ್ತಿ ಮುಚ್ಚಿಸಿದ್ದೇ ಕಾರಣವಿರಬೇಕೆಂದು ಅದರ ಹಲಗೆಯನ್ನು ಸದ್ಯಕ್ಕೆ ಬಿಚ್ಚಿಟ್ಟಿದ್ದೇನೆ, ಉರಿ ಸ್ವಲ್ಪ ನೀಲಿಗೆ ತಿರುಗಿದೆ. ಮುಂದಿನ ವಾರ ಬಡಿಗೇರರು ಬಂದು ಹಲಗೆಯಲ್ಲಿ ರಂಧ್ರಗಳನ್ನು ಕೊರೆದುಕೊಡುತ್ತಾರೆ, ಹೊರಗಿನ ಪೈಪಿನ ಬಾಯಿಗೆ ಪಾರಿವಾಳ ಬಾರದಂತೆ ಅಗಲ ಕಣ್ಣಿನ ಜಾಳಿಗೆಯನ್ನೂ ಅಂದೇ ಹಾಕಿಸಬೇಕು.