ಸ್ಟ್ರೀಮ್ ನೋಡಿದ ಮೇಲೆ ಆಟ ಯಾಕೆ ಸಪ್ಪೆ ಅನ್ನಿಸುತ್ತದೆ?

ಕೋಝಿ ಗೇಮ್‌ಗಳ, ಅಂದರೆ ಅವಸರವಿಲ್ಲದೆ ಹಾಯಾಗಿ ಆಡುವ ಆಟಗಳ ಬಗ್ಗೆ ಬರೆದಾಗಲೆಲ್ಲ ಯಾರಾದರೊಬ್ಬರು ಇದನ್ನು ಕೇಳೇ ಕೇಳುತ್ತಾರೆ: "ಬೇರೆಯವರು ಆಡೋ ಲೈವ್ ಸ್ಟ್ರೀಮ್ ಗಂಟೆಗಟ್ಟಲೆ ನೋಡಿ, ಆಸೆಪಟ್ಟು ಆಟ ತಗೊಂಡೆ. ಈಗ ಆಡೋಕೆ ಕೂತ್ರೆ ಮಜಾನೇ ಇಲ್ಲ. ನೋಡಿದ್ದಕ್ಕೇ ಹೀಗಾಯ್ತಾ?"

ಬಹುಮಟ್ಟಿಗೆ ಹೌದು. ಆದರೆ ಸ್ಪಾಯ್ಲರ್‌ನಿಂದ ಅಲ್ಲ.

ಮುಂದೇನಾಗುತ್ತದೆ ಅಂತ ಮೊದಲೇ ಗೊತ್ತಾದರೆ ಸ್ವಾರಸ್ಯ ಹೋಯಿತು ಅಂತ ಎಲ್ಲರೂ ಸ್ಪಾಯ್ಲರ್ ಮೇಲೆ ಗೂಬೆ ಕೂರಿಸುತ್ತಾರೆ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕ್ಯಾಂಪಸ್‌ನ ಇಬ್ಬರು ಸಂಶೋಧಕರು ಇದನ್ನು ಸಣ್ಣ ಕಥೆಗಳ ಮೇಲೆ ಪರೀಕ್ಷಿಸಿದರು. ಕೊನೆ ಗೊತ್ತಿದ್ದು ಓದಿದವರೇ ಕಥೆಯನ್ನು ಒಂದು ಕೈ ಜಾಸ್ತಿ ಮೆಚ್ಚಿದ್ದರು. ಓದುವವರ ಮಟ್ಟಿಗೆ ಅದು ಸರಿಯೇ. ಓದುವವರು ಕಥೆಯೊಳಗೆ ಯಾವ ತೀರ್ಮಾನವನ್ನೂ ಮಾಡಬೇಕಾಗಿಲ್ಲ. ಆಡುವವರು ಮಾಡಬೇಕು. ಸ್ಟ್ರೀಮ್ ನೋಡಿ ಬಂದವರಿಗೆ ಆ ತೀರ್ಮಾನಗಳೆಲ್ಲ ಆಗಲೇ ಆಗಿಹೋಗಿರುತ್ತವೆ. ಅದೂ ಬೇರೆ ಯಾರೋ ಮಾಡಿದ್ದು.

ಸ್ಟಾರ್‌ಡ್ಯೂ ವ್ಯಾಲಿಯನ್ನೇ ನೋಡಿ. ಎರಿಕ್ ಬರೋನ್ ಒಬ್ಬರೇ ಕೂತು ಮಾಡಿ 2016ರಲ್ಲಿ ಬಿಟ್ಟ ಬೇಸಾಯದ ಆಟ. ಕೈಯಲ್ಲಿ 500 ನಾಣ್ಯ, ಮೇಯರ್ ಕೊಟ್ಟ 15 ಪಾರ್ಸ್ನಿಪ್ ಬೀಜ, ಕಳೆ ತುಂಬಿದ ಜಮೀನು. ಏನೂ ಗೊತ್ತಿಲ್ಲದೆ ಬಂದವರು ಬೀಜ ಹಾಕಿ, ನೀರು ಹಾಕಿ, ಊರು ಸುತ್ತೋಕೆ ಹೊರಡುತ್ತಾರೆ. ಬುಧವಾರ ಪಿಯೇರ್ ಅಂಗಡಿಗೆ ಹೋದರೆ ಬಾಗಿಲು ಹಾಕಿರುತ್ತದೆ. ಸುಮ್ನೆ ಬರೋದೇಕೆ ಅಂತ ಸಮುದ್ರದ ಕಡೆ ಇಳಿಯುತ್ತಾರೆ. ಅಲ್ಲಿ ಯಾರದೋ ಪರಿಚಯ ಆಗುತ್ತದೆ, ಕೈಯಲ್ಲಿದ್ದ ಯಾವುದೋ ಕಾಡುಗೆಡ್ಡೆ ಕೊಟ್ಟರೆ ಅವರು ಮುಖ ಕಿವುಚುತ್ತಾರೆ. ರಾತ್ರಿ ಎರಡಾದರೂ ಮನೆ ಸೇರದೆ ದಾರಿಯಲ್ಲೇ ಮೂರ್ಛೆ ಬೀಳುತ್ತಾರೆ. ಆಟದ ಇಡೀ ಒಂದು ದಿನ ಅಂದರೆ ನಮ್ಮ ಗಡಿಯಾರದಲ್ಲಿ ಸುಮಾರು 14 ನಿಮಿಷ. ಅಷ್ಟರಲ್ಲಿ ಇಷ್ಟೆಲ್ಲ.

ಸ್ಟ್ರೀಮ್ ನೋಡಿದವರಿಗೆ ಬುಧವಾರದ ವಿಷಯ ಗೊತ್ತು. ಅಬಿಗೇಲ್ ಅನ್ನೋ ಊರಿನ ಹುಡುಗಿಗೆ ಅಮೆಥಿಸ್ಟ್ ಹರಳು ಕೊಟ್ಟರೆ ಖುಷಿಯಾಗುತ್ತದೆ ಅಂತ ಗೊತ್ತು. ವಸಂತದ 13ನೇ ದಿನ ಮೊಟ್ಟೆ ಹಬ್ಬದಲ್ಲಿ ತಲಾ 100ಕ್ಕೆ ಸ್ಟ್ರಾಬೆರಿ ಬೀಜ ಸಿಗುತ್ತದೆ, ಅವತ್ತು ರಾತ್ರಿಯೇ ಹಾಕಿದರೆ ಋತು ಮುಗಿಯೋದರೊಳಗೆ ಎರಡು ಬೆಳೆ ಬರುತ್ತದೆ ಅಂತಲೂ ಗೊತ್ತು. ಹಾಗಾಗಿ ಎರಡನೇ ದಿನದಿಂದಲೇ ಮೀನು ಹಿಡಿದು ದುಡ್ಡು ಕೂಡಿಡುತ್ತಾರೆ. ಎಲ್ಲೂ ಎಡವುವುದಿಲ್ಲ. ನೀರಸ ಆಗೋದೂ ಅದಕ್ಕೇ. ವಿಶ್ರಾಂತಿಗೆ ಅಂತ ತೆರೆದ ಆಟ ಎರಡನೇ ಡ್ಯೂಟಿ ಆಗಿ ಕೂರುತ್ತದೆ.

ಸ್ಟ್ರೀಮರ್‌ಗಳನ್ನು ಬೈಯ್ಯೋ ಹಾಗೂ ಇಲ್ಲ. ಐದು ನಿಮಿಷ ಏನೂ ನಡೆಯದಿದ್ದರೆ ನೋಡುವವರು ಎದ್ದು ಹೋಗುತ್ತಾರೆ. ಅಲೆದಾಟ, ಸುಮ್ಮನೆ ನಿಲ್ಲೋದು, ಬೇಲಿ ಯಾವ ಬಣ್ಣದ್ದಿರಲಿ ಅಂತ ಹದಿನೈದು ನಿಮಿಷ ಕಳೆಯೋದು ಅವರಿಗೆ ಗಿಟ್ಟುವುದಿಲ್ಲ. ಕೋಝಿ ಗೇಮ್‌ನಲ್ಲಿ ಹಿತ ಇರೋದೇ ಅಲ್ಲಿ, ಅಲ್ವಾ? ಸ್ಟ್ರೀಮ್‌ನಲ್ಲಿ ಮೊದಲು ಬಿದ್ದುಹೋಗೋದೇ ಅದು.

ಜೊತೆಗೆ ಹೋಲಿಕೆಯ ಕಾಟ. ಅವರ ಮೂರನೇ ವರ್ಷದ ಜಮೀನಿನಲ್ಲಿ ಸಾಲು ಸಾಲು ಸ್ಪ್ರಿಂಕ್ಲರ್, ನಿಮ್ಮದರಲ್ಲಿ ಇನ್ನೂ ಕಲ್ಲು. ಈ ಆಟದಲ್ಲಿ ಮಾರ್ಕ್ಸ್ ಹಾಕೋದು ನಿಮಗೆ ಜಮೀನು ಬಿಟ್ಟುಹೋದ ತಾತ, ಅದೂ ಮೂರನೇ ವರ್ಷದ ಮೊದಲ ದಿನ. ಕಡಿಮೆ ಬಂದರೆ ಒಂದು ವಜ್ರ ಇಟ್ಟು ಮತ್ತೆ ಕರೆಸಬಹುದು. ಅಷ್ಟು ಒಳ್ಳೆಯ ಪರೀಕ್ಷಕರು ಬೇರೆಲ್ಲೂ ಸಿಗಲಿಕ್ಕಿಲ್ಲ!

ಎಲ್ಲ ಆಟಕ್ಕೂ ಇದು ಒಂದೇ ರೀತಿ ತಟ್ಟುವುದಿಲ್ಲ. 2021ರ ಅನ್‌ಪ್ಯಾಕಿಂಗ್‌ಗೆ ಎಲ್ಲಕ್ಕಿಂತ ಜಾಸ್ತಿ ಪೆಟ್ಟು. ಮನೆ ಬದಲಾಯಿಸಿದಾಗ ಡಬ್ಬ ಬಿಚ್ಚಿ ಸಾಮಾನು ಜೋಡಿಸೋದಷ್ಟೇ ಆಟ. 1997ರಿಂದ 2018ರವರೆಗೆ ಒಬ್ಬಳ ಬದುಕು ಆ ಸಾಮಾನಿನಲ್ಲೇ ಕಾಣುತ್ತದೆ. 2010ರ ಮನೆಯಲ್ಲಿ ಒಂದು ವಸ್ತು ಬರುತ್ತದೆ. ಯಾವುದು ಅಂತ ಹೇಳುವುದಿಲ್ಲ. ಅದನ್ನು ಹಿಡಿದುಕೊಂಡು ಮನೆಯೆಲ್ಲ ಸುತ್ತುತ್ತೀರಿ. ಇಲ್ಲಿ ಇಡೋಕಾಗಲ್ಲ, ಅಲ್ಲಿ ಇಡೋಕಾಗಲ್ಲ, ಎಲ್ಲ ಕಡೆ ಅವಳ ಬಾಯ್‌ಫ್ರೆಂಡ್‌ನ ಸಾಮಾನು. ಕೊನೆಗೆ ಒಂದು ಜಾಗ ಸಿಗುತ್ತದೆ, ಅಲ್ಲಿಟ್ಟಾಗ ಅವನ ಮೇಲೆ ಸಿಟ್ಟು ಬರುತ್ತದೆ. ಒಂದು ಮಾತೂ ಇಲ್ಲದೆ ಬರಿಸುವ ಸಿಟ್ಟು. ಸ್ಟ್ರೀಮ್‌ನಲ್ಲಿ ಚಾಟ್‌ನವರು ಉತ್ತರ ಕೂಗಿಬಿಟ್ಟರೆ ಎರಡು ಸೆಕೆಂಡಿಗೆ ಮುಗಿದುಹೋಗುತ್ತದೆ. ಇಂಥ ಆಟವನ್ನು ನೋಡುವ ಮೊದಲು ಆಡಿ, ಇದೊಂದು ವಿಷಯದಲ್ಲಿ ನಾನು ಹಟಮಾರಿ.

ಪವರ್‌ವಾಶ್ ಸಿಮ್ಯುಲೇಟರ್‌ಗೆ ಏನೂ ಆಗುವುದಿಲ್ಲ. ಎಷ್ಟು ನೋಡಿದರೂ ಕೊಳೆ ನೀವೇ ತೊಳೆಯಬೇಕು. ಅನಿಮಲ್ ಕ್ರಾಸಿಂಗ್‌ನಲ್ಲಿ ತೊಂದರೆ ಬೇರೆ ಥರದ್ದು. ಅದು ನಿಜವಾದ ಗಡಿಯಾರದ ಜೊತೆ ನಡೆಯುತ್ತದೆ, ಸೇತುವೆ ಬೇಕಂದರೆ ನಾಳೆವರೆಗೆ ಕಾಯಬೇಕು. ಸ್ಟ್ರೀಮ್‌ನಲ್ಲಿ ಕೆಲವರು ಕನ್ಸೋಲ್‌ನ ತಾರೀಖು ಮುಂದಕ್ಕೆ ತಳ್ಳಿ ಒಂದೇ ಸಂಜೆ ವಾರಗಳನ್ನು ದಾಟುತ್ತಾರೆ. ಅದನ್ನು ನೋಡಿ ಬಂದರೆ ಸ್ವಂತ ದ್ವೀಪ ನಿಂತಲ್ಲೇ ನಿಂತ ಹಾಗೆ ಅನ್ನಿಸುತ್ತದೆ.

ಹಾಗಾದರೆ ಸ್ಟ್ರೀಮ್ ಬಿಡಬೇಕಾ? ಬೇಡಪ್ಪ. ನಾನಂತೂ ಬಿಟ್ಟಿಲ್ಲ. ಕ್ರಮ ಬದಲಾಯಿಸಿದರೆ ಸಾಕು. ಸ್ಟಾರ್‌ಡ್ಯೂನ ಮೊದಲ ಋತು 28 ದಿನ, ಹೆಚ್ಚುಕಡಿಮೆ ಆರೂವರೆ ಗಂಟೆ. ಅಷ್ಟನ್ನು ಯಾರನ್ನೂ ನೋಡದೆ ಆಡಿ. ಆಮೇಲೆ ಸ್ಟ್ರೀಮ್ ನೋಡೋದು ಇನ್ನೂ ಚೆನ್ನಾಗಿರುತ್ತದೆ. "ಅಯ್ಯೋ, ಇವರೂ ಬುಧವಾರ ಅಂಗಡಿಗೆ ಹೋದ್ರಲ್ಲ" ಅಂತ ನಗೋಕೆ ನೀವೂ ಒಮ್ಮೆ ಹೋಗಿರಬೇಕಷ್ಟೆ.

ಆಗಲೇ ನೋಡಿಬಿಟ್ಟಿದ್ದರೆ? ಸ್ಟಾರ್‌ಡ್ಯೂನಲ್ಲಿ ಬೀಚ್ ಫಾರ್ಮ್ ಅನ್ನೋ ಜಮೀನು ಆರಿಸಿಕೊಳ್ಳಿ. ಅಲ್ಲಿನ ಮರಳಿನಲ್ಲಿ ಸ್ಪ್ರಿಂಕ್ಲರ್ ಇಡೋಕಾಗಲ್ಲ. ನೋಡಿ ಕಲಿತ ಪ್ಲ್ಯಾನ್ ಅರ್ಧಕ್ಕರ್ಧ ಕೆಲಸಕ್ಕೆ ಬಾರದೆ, ನೀವೇ ಯೋಚಿಸಬೇಕಾಗುತ್ತದೆ.

ಇಷ್ಟಾದರೂ ಆಡೋದಕ್ಕಿಂತ ನೋಡೋದೇ ಇಷ್ಟ ಅಂದರೆ ನೋಡಿ. ಮಾತಾಡುವ ಒಂದು ದನಿ, ಪರಿಚಯದ ಚಾಟ್ ಅಂತ ಕೂರುವವರು ಬಹಳ ಜನ ಇದ್ದಾರೆ. ತಗೊಂಡಾಗಿದೆ ಅನ್ನೋ ಒಂದೇ ಕಾರಣಕ್ಕೆ ಯಾವ ಆಟವನ್ನೂ ಮುಗಿಸಬೇಕಾಗಿಲ್ಲ. ಪಕ್ಕದಲ್ಲಿ ಸ್ಟ್ರೀಮ್ ಹಾಕಿಕೊಂಡೇ ಆಡೋರಿಗೆ ಒಂದು ಮಾತು: ಅದೇ ಆಟದ ಸ್ಟ್ರೀಮ್ ಹಾಕಬೇಡಿ. ಬೇರೆ ಯಾವುದಾದರೂ ಇರಲಿ, ಶೂಟಿಂಗ್ ಆಟವಾದರೂ ನಡೆಯುತ್ತದೆ.